ಇಬ್ಬರು ಮಕ್ಕಳನ್ನೂ ಒಂದೇ ಫೈಲಿಗೆ ಹಾಕಬಹುದಾ?

ನಾಯ್ಕರೇ, ನಮಸ್ಕಾರ. ಕಾರವಾರದ ಬೈತಖೋಲಿನಲ್ಲಿ ನಿಮ್ಮ ಐಸ್ ಪ್ಲಾಂಟ್ ಇದೆ, ಮೀನಿನ ವ್ಯಾಪಾರ ಇದೆ. ಮಗನಿಗೆ 24, ಬಿಇ ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಗಳಿಗೆ 20, ಧಾರವಾಡದಲ್ಲಿ ಬಿಕಾಂ ಕೊನೆಯ ವರ್ಷ. ಆಸ್ಟ್ರೇಲಿಯಾದ ಬಿಸಿನೆಸ್ ವೀಸಾಕ್ಕೆ ಹಾಕಿದರೆ ಇಬ್ಬರನ್ನೂ ಡಿಪೆಂಡೆಂಟ್ ಅಂತ ಸೇರಿಸಬಹುದಾ, ಅಲ್ಲಿನ ಜೀವನ ಹೇಗೆ ಅಂತ ಕೇಳಿದ್ದೀರಿ. ಹುಬ್ಬಳ್ಳಿಯ ಏಜೆಂಟ್ ಒಬ್ಬರು ನಾಲ್ವರೂ ಒಂದೇ ಫೈಲಿನಲ್ಲಿ ಹೋಗಬಹುದು ಅಂದಿದ್ದಾರಂತೆ.

ಬೇಸರದ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ನಾನು ಅಂಕೋಲಾದಿಂದ ಅಡಿಲೇಡಿಗೆ ಬಂದಿದ್ದು 188 ಅನ್ನುವ ಬಿಸಿನೆಸ್ ವೀಸಾದಲ್ಲಿ. ಇಲ್ಲಿ ಬಂದು ವ್ಯಾಪಾರ ಮಾಡಿ ತೋರಿಸಿ, ಆಮೇಲೆ 888 ಹಾಕಿ ಕಾಯಂ ಆಗುವ ದಾರಿ ಅದು. ಹೊಸ ಅರ್ಜಿಗಳಿಗೆ 2024ರ ಜುಲೈ ಕೊನೆಗೆ ಅದು ಬಂದ್ ಆಯಿತು. ಆ ವರ್ಷದ ಡಿಸೆಂಬರಿನಲ್ಲಿ ಬಂದ 858, ಅಂದರೆ ನ್ಯಾಷನಲ್ ಇನ್ನೊವೇಷನ್ ವೀಸಾ, ತಮ್ಮ ಕ್ಷೇತ್ರದಲ್ಲಿ ಅಂತರರಾಷ್ಟ್ರೀಯ ಹೆಸರು ಮಾಡಿದವರಿಗೆ. ಐಸ್ ಪ್ಲಾಂಟ್ ಎಷ್ಟೇ ಚೆನ್ನಾಗಿ ನಡೆದರೂ ಅದರ ಮೇಲೆ ಇದು ಸಿಗುವುದಿಲ್ಲ. ಹಾಗಾಗಿ ಆ ಏಜೆಂಟರಿಗೆ ಎರಡೇ ಪ್ರಶ್ನೆ ಕೇಳಿ. ಯಾವ ನಂಬರಿನ ವೀಸಾ? ನಿಮ್ಮ ನೋಂದಣಿ ಸಂಖ್ಯೆ ಎಷ್ಟು? ಇಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಓಮಾರಾ ಅನ್ನುವ ಕಚೇರಿಯ ವೆಬ್‌ಸೈಟಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಉತ್ತರ ಬರುವವರೆಗೆ ಅಡ್ವಾನ್ಸ್ ಅಂತ ಒಂದು ರೂಪಾಯಿಯೂ ಕೊಡಬೇಡಿ.

ಈಗ ಮಕ್ಕಳ ವಿಷಯ. ಇದು ಬೇರೆ ವೀಸಾಗಳಿಗೂ ಅನ್ವಯಿಸುವುದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

2016ರ ನವೆಂಬರ್ 19ಕ್ಕೆ ಮೊದಲು, ತಂದೆತಾಯಿಯ ಆಸರೆಯಲ್ಲಿದ್ದಾರೆ ಅಂತ ತೋರಿಸಿದರೆ 25–26 ವರ್ಷದ ಮಕ್ಕಳನ್ನೂ ಸೇರಿಸಬಹುದಿತ್ತು. ನಿಮ್ಮ ಏಜೆಂಟ್ ಹಳೆಯ ಆ ಕಾಲದಲ್ಲೇ ಇದ್ದಾರೋ ಏನೋ. ಈಗ 18 ತುಂಬಿದ ಮಕ್ಕಳು 23ರ ಒಳಗಿರಬೇಕು, ಮೇಲಾಗಿ ಖರ್ಚಿಗೆ ನಿಮ್ಮನ್ನೇ ನಂಬಿಕೊಂಡಿರಬೇಕು. 23 ದಾಟಿದವರಿಗೆ ಅವಕಾಶ ಇರುವುದು ದೇಹ ಅಥವಾ ಮನಸ್ಸಿನ ತೊಂದರೆಯಿಂದ ದುಡಿಯಲು ಆಗದಿದ್ದರೆ ಮಾತ್ರ. ನಿಮ್ಮ ಮಗ ವಯಸ್ಸಿನಲ್ಲೂ ಹೊರಗೆ, ಸಂಬಳದಲ್ಲೂ ಹೊರಗೆ. ನಮ್ಮಲ್ಲಿ ಮದುವೆ ಆಗುವವರೆಗೆ ಮಗ ಮನೆಯ ಲೆಕ್ಕದಲ್ಲೇ ಇರುತ್ತಾನೆ, ಅಲ್ವಾ? ಇಲ್ಲಿನ ಕಾನೂನಿಗೆ ಅದು ಗೊತ್ತಿಲ್ಲ.

ಮಗಳದ್ದು ಬೇರೆ ಕಥೆ. ವಯಸ್ಸು ಸರಿ ಇದೆ, ಆದರೆ ಪುರಾವೆ ಬೇಕು. ಅರ್ಜಿಗೆ ಹಿಂದಿನ 12 ತಿಂಗಳಾದರೂ ಊಟ, ಬಟ್ಟೆ, ವಸತಿಯ ಖರ್ಚು ನಿಮ್ಮದೇ ಅಂತ ಕಾಗದದಲ್ಲಿ ಕಾಣಬೇಕು. 18 ದಾಟಿದ ಮಕ್ಕಳಿಗೆ 47ಎ ಅಂತ ಬೇರೆ ಫಾರಂ ಇದೆ. ನಮ್ಮ ಮಗಳೂ ಆಗ ಧಾರವಾಡದಲ್ಲೇ ಓದುತ್ತಿದ್ದಳು. ಹಾಸ್ಟೆಲ್ ಫೀ, ಮೆಸ್ ಬಿಲ್ಲು ಎಲ್ಲ ನಗದು. ವಾರ್ಡನ್ ಕೂತು ಹಳೆಯ ರಸೀದಿ ಪುಸ್ತಕದ ಕಾರ್ಬನ್ ಪ್ರತಿ ತಿರುವಿ ಹಾಕಿ, ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು. ಕಾಲೇಜು ಫೀ ಮಾತ್ರ ನಮ್ಮ ದೊಡ್ಡಣ್ಣನ ಖಾತೆಯಿಂದ ಹೋಗಿತ್ತು. ಕೂಡು ಕುಟುಂಬ ನೋಡಿ, ಯಾರ ಖಾತೆಯಲ್ಲಿ ದುಡ್ಡಿತ್ತೋ ಅವರು ಕಟ್ಟಿದ್ದರು. ಆ ದುಡ್ಡು ನನ್ನ ಪಾಲಿನದು ಅಂತ ತೋರಿಸಲು ಅಂಗಡಿಯ ಲೆಕ್ಕ, ಅಣ್ಣನ ಅಫಿಡವಿಟ್ ಎಲ್ಲ ಇಡಬೇಕಾಯಿತು. ನೀವು ಈ ತಿಂಗಳಿಂದಲೇ ಮಗಳ ಖರ್ಚನ್ನೆಲ್ಲ ನಿಮ್ಮ ಖಾತೆಯಿಂದಲೇ ಕಳಿಸಿ.

ಜನ್ಮ ದಿನಾಂಕವನ್ನೂ ಈಗಲೇ ನೋಡಿಕೊಳ್ಳಿ. ಶಾಲೆಗೆ ಸೇರಿಸುವಾಗ ಮಾಸ್ತರರು ತಿಂಗಳು ಹಿಂದೆ ಮುಂದೆ ಬರೆದಿರುವುದು ನಮ್ಮ ಕಡೆ ಹೊಸದೇನಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ತಾರೀಕು ಇರಬೇಕು.

ಇನ್ನೊಂದು ಮಾತು, ಕೇಳಲು ಸಂಕೋಚ, ಆದರೂ ಕೇಳುತ್ತೇನೆ. ಮಗಳಿಗೆ ಸಂಬಂಧ ನೋಡುತ್ತಿದ್ದೀರಾ? ಇಲ್ಲಿನ ನಿಯಮದಲ್ಲಿ ಮದುವೆ ಆದವರು ಮಾತ್ರ ಅಲ್ಲ, ನಿಶ್ಚಿತಾರ್ಥ ಆದವರೂ ಡಿಪೆಂಡೆಂಟ್ ಅಲ್ಲ. ಉಂಗುರ ಬದಲಾಯಿಸಿ ಸುಮ್ನಿದ್ದರೆ ಯಾರಿಗೆ ಗೊತ್ತಾಗುತ್ತದೆ ಅನ್ನುವವರ ಮಾತು ಕೇಳಬೇಡಿ. ಸುಳ್ಳು ಮಾಹಿತಿ ಅಂತ ಸಾಬೀತಾದರೆ ಆ ಅರ್ಜಿ ಹೋಗುತ್ತದೆ, ಮುಂದಿನ 3 ವರ್ಷವೂ ಹೆಚ್ಚಿನ ವೀಸಾಗಳು ಸಿಗುವುದಿಲ್ಲ.

ಬೇರೆ ದೇಶ ನೋಡೋಣ ಅಂದರೆ ವಯಸ್ಸು ಇನ್ನೂ ಬಿಗಿ. ಕೆನಡಾದಲ್ಲಿ 22ರ ಒಳಗೆ, ಅಮೆರಿಕದ ಇಬಿ-5 ಹೂಡಿಕೆ ವೀಸಾದಲ್ಲಿ 21ರ ಒಳಗೆ.

ನನ್ನ ಅಭಿಪ್ರಾಯ ಕೇಳಿದರೆ, ನೀವು ಫೈಲನ್ನು ತಿರುಗಿಸಿ ನೋಡಬೇಕು. ಡಿಪೆಂಡೆಂಟ್ ಆಗಲು ವಯಸ್ಸು ಮೀರಿದ ಮಗ ಮುಖ್ಯ ಅರ್ಜಿದಾರ ಆಗಲು ಸರಿಯಾದ ವಯಸ್ಸಿನಲ್ಲಿದ್ದಾನೆ. ಸ್ಕಿಲ್ಡ್ ವೀಸಾ ಅಂದರೆ ವಯಸ್ಸು, ಓದು, ಅನುಭವಕ್ಕೆ ಅಂಕ ಕೊಡುವ ವೀಸಾ. ಅದರಲ್ಲಿ 24ರ ವಯಸ್ಸಿಗೆ 25 ಅಂಕ, 25 ತುಂಬಿದ ದಿನದಿಂದ 30. ಅರ್ಹತೆಗೆ ಕನಿಷ್ಠ 65 ಬೇಕು, ಅರ್ಜಿ ಹಾಕಿ ಅಂತ ಸರ್ಕಾರದ ಆಹ್ವಾನ ಬರಲು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ ಬೇಕು. ಐಟಿ ಕೆಲಸ ಆದರೆ ಎಸಿಎಸ್ (ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ), ಸಿವಿಲ್ ಅಥವಾ ಮೆಕ್ಯಾನಿಕಲ್ ಆದರೆ ಎಂಜಿನಿಯರ್ಸ್ ಆಸ್ಟ್ರೇಲಿಯಾ ಮೊದಲು ಅವನ ಓದು, ಅನುಭವ ಪರಿಶೀಲಿಸುತ್ತದೆ. ಮಗಳು ಇಲ್ಲಿ ಮಾಸ್ಟರ್ಸ್ ಮಾಡುವುದಾದರೆ ಸ್ಟೂಡೆಂಟ್ ವೀಸಾ. ಅರ್ಜಿ ಶುಲ್ಕವೇ 2025ರ ಜುಲೈನಲ್ಲಿ 2,000 ಡಾಲರ್ ಆಯಿತು. ಕಾಲೇಜು ಫೀ ಬಿಟ್ಟು ವರ್ಷದ ಖರ್ಚಿಗೆ 29,710 ಡಾಲರ್ ಇದೆ ಅಂತ ತೋರಿಸಬೇಕು.

ನೀವಿಬ್ಬರು ಆಮೇಲೆ ಬರಬಹುದು. ಪೇರೆಂಟ್ ವೀಸಾಕ್ಕೆ ಮಕ್ಕಳಲ್ಲಿ ಅರ್ಧದಷ್ಟಾದರೂ ಇಲ್ಲಿ ಕಾಯಂ ಆಗಿರಬೇಕು. ನಿಮಗೆ ಇಬ್ಬರೇ ಆದ್ದರಿಂದ ಒಬ್ಬರಿದ್ದರೆ ಸಾಕು. ಆದರೆ 143ರಲ್ಲಿ, ಅಂದರೆ ದೊಡ್ಡ ಮೊತ್ತ ಕಟ್ಟಿ ಬರುವ ಪೇರೆಂಟ್ ವೀಸಾದಲ್ಲಿ, ಎರಡನೇ ಕಂತೇ ತಲೆಗೆ 43,600 ಡಾಲರ್, ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ವಿಸಿಟರ್ ವೀಸಾದಲ್ಲಿ ಬಂದು ಹೋಗಿ ಮಾಡುವವರೇ ಹೆಚ್ಚು.

ಜೀವನ ಚೆನ್ನಾಗಿದೆ. ಆದರೆ ವ್ಯಾಪಾರಸ್ಥರಿಗೆ ಮೊದಲ ವರ್ಷಗಳು ಕಷ್ಟ. ಅಲ್ಲಿ ನಿಮ್ಮನ್ನು ಬಂದರಿನವರೆಲ್ಲ ಬಲ್ಲರು, ಇಲ್ಲಿ ಅಂಗಡಿಯ ಶಟರ್ ಎತ್ತುವುದರಿಂದ ನೆಲ ಒರೆಸುವವರೆಗೆ ನೀವೇ. ಆಳಿನ ಸಂಬಳ ಗಂಟೆ ಲೆಕ್ಕದಲ್ಲಿ, ಭಾನುವಾರ ಇನ್ನೂ ಜಾಸ್ತಿ. ಬಾಂಗಡೆ ಸಿಗುತ್ತದೆ, ಫ್ರೋಜನ್. ನಿಮ್ಮಂಥವರು ಮುಖ ಸಿಂಡರಿಸುತ್ತೀರಿ.

ಐಸ್ ಪ್ಲಾಂಟ್ ಮಾರುವ ಯೋಚನೆ ಇದ್ದರೆ ಸದ್ಯಕ್ಕೆ ಬಿಡಿ. ಮಗನ ಬ್ರಾಂಚ್ ಯಾವುದು, ಎಷ್ಟು ವರ್ಷದ ಅನುಭವ, ಇಂಗ್ಲಿಷ್ ಪರೀಕ್ಷೆ ಬರೆದಿದ್ದಾನಾ ಅಂತ ಬರೆಯಿರಿ. ಅಥವಾ ಅವನಿಗೇ ನನ್ನ ಜೊತೆ ಮಾತಾಡಲು ಹೇಳಿ, ಇಲ್ಲಿ ರಾತ್ರಿ ಎಂಟರ ಮೇಲೆ ಬಿಡುವಿರುತ್ತದೆ.