ಮಾಡೆಲ್ ಕಾರಿನ ಬಾಡಿಯ ಬಣ್ಣ: ಓದುಗರು ಕೇಳಿದ್ದು, ನಾವು ಹೇಳುವುದು

ಪ್ಲಾಸ್ಟಿಕ್ ಕಿಟ್ ಜೋಡಿಸಿ ಕಾರು ಮಾಡುವ ಹವ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಡಿಯ ಬಣ್ಣದ ಕುರಿತೇ ಇವೆ. ಅದು ಸಹಜ. ಟ್ಯಾಂಕ್, ವಿಮಾನಗಳ ಮಾಡೆಲ್‌ನಲ್ಲಿ ಬಣ್ಣದ ಕುಂದನ್ನು ಕೆಸರು, ಮಸಿ ಬಳಿದು ಮುಚ್ಚಬಹುದು. ಶೋರೂಮಿನಿಂದ ಇಳಿದ ಹಾಗೆ ಹೊಳೆಯಬೇಕಾದ ಕಾರಿನ ಮೇಲೆ ಒಂದು ಕೂದಲು ಅಂಟಿದರೂ ಎದ್ದು ಕಾಣುತ್ತದೆ.

ಪ್ರಶ್ನೆ: ಹೊಸದಾಗಿ ಶುರು ಮಾಡಬೇಕೆಂದಿದ್ದೇನೆ. ಯಾವ ಅಳತೆಯ ಕಿಟ್ ಕೊಳ್ಳಲಿ? ಏನೇನು ಸಲಕರಣೆ ಬೇಕು? (ದಾವಣಗೆರೆ)

ಉತ್ತರ: ಟಮಿಯಾ, ಹಸೆಗಾವಾ, ಫುಜಿಮಿಯಂಥ ಜಪಾನಿನ ಕಂಪನಿಗಳ ಕಾರುಗಳು ಹೆಚ್ಚಾಗಿ 1/24 ಅಳತೆಯವು. ಅಮೆರಿಕದ ಹಳೆಯ ಕಾರುಗಳು 1/25ರಲ್ಲಿ ಸಿಗುತ್ತವೆ. ನಾಲ್ಕೂಕಾಲು ಮೀಟರಿನ ಕಾರು 1/24ರಲ್ಲಿ ಸುಮಾರು 18 ಸೆಂ.ಮೀ. ಆಗುತ್ತದೆ, ಕೈಯಲ್ಲಿ ಹಿಡಿದು ಕೆಲಸ ಮಾಡಲು ಹದವಾದ ಗಾತ್ರ. ಅಂಟಿನ ತಂಟೆಯೇ ಬೇಡವೆನಿಸಿದರೆ ಅಯೋಶಿಮಾದ 1/32 ಸ್ನ್ಯಾಪ್ ಕಿಟ್‌ಗಳಲ್ಲಿ ಸುಜುಕಿ ಜಿಮ್ನಿ ಇದೆ. ಪ್ಲಾಸ್ಟಿಕ್ಕಿಗೇ ಬಣ್ಣ ಬೆರೆತಿರುತ್ತದೆ, ಭಾಗಗಳನ್ನು ಒತ್ತಿ ಕೂರಿಸಿದರೆ ಸಾಕು. ಅಂಟಿಸುವ ಕಿಟ್ಟೇ ಬೇಕೆಂದರೆ ಮೊದಲನೆಯದು ಎಂಜಿನ್ ಇಲ್ಲದ್ದಾಗಿರಲಿ.

ನಿಪ್ಪರ್, ಹಾಬಿ ಚಾಕು, ಚಿಮುಟ, ಮಾಸ್ಕಿಂಗ್ ಟೇಪ್, 400ರಿಂದ 2000 ನಂಬರಿನವರೆಗಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ), ಟಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್‌ನ 40 ಮಿ.ಲೀ. ಬಾಟಲಿ, ಇಷ್ಟಿದ್ದರೆ ಆರಂಭಕ್ಕೆ ಧಾರಾಳ. ಭಾಗವನ್ನು ಚೌಕಟ್ಟಿನಿಂದ ಕತ್ತರಿಸುವಾಗ 2 ಮಿ.ಮೀ. ತುಂಡು ಬಿಟ್ಟು ಕತ್ತರಿಸಿ, ಉಳಿದದ್ದನ್ನು ಎರಡನೇ ಸಲ ತೆಗೆಯಿರಿ. ಒಂದೇ ಏಟಿಗೆ ಒತ್ತಿ ಕತ್ತರಿಸಿದರೆ ಪ್ಲಾಸ್ಟಿಕ್ ಕಿತ್ತು ಬಂದು ಗುಳಿ ಬೀಳುತ್ತದೆ. ಈ ಸಿಮೆಂಟನ್ನು ಫೆವಿಕಾಲ್‌ನಂತೆ ಸವರಿ ಒತ್ತಬಾರದು. ಎರಡು ಭಾಗಗಳನ್ನು ಜೋಡಿಸಿ ಹಿಡಿದು, ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿ. ದ್ರವ ತಾನೇ ಸಂದಿಯುದ್ದಕ್ಕೂ ಹರಿದು, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಆ ಹೊತ್ತಿನಲ್ಲಿ ಬೆರಳು ಸಂದಿಯ ಮೇಲಿದ್ದರೆ ಸಿಮೆಂಟ್ ಬೆರಳಿನಡಿಗೂ ನುಗ್ಗಿ, ಮೆತ್ತಗಾದ ಪ್ಲಾಸ್ಟಿಕ್ ಮೇಲೆ ಬೆರಳಚ್ಚು ಉಳಿಯುತ್ತದೆ. ಆದ ಮೇಲೆ ಒರೆಸಲು ಹೋಗಬೇಡಿ, ಇನ್ನಷ್ಟು ಹರಡುತ್ತದೆ. ಒಣಗಲು ಬಿಟ್ಟು ಉಜ್ಜಿ ತೆಗೆಯಿರಿ.

ಪ್ರಶ್ನೆ: ಜುಲೈನಲ್ಲಿ ಸ್ಪ್ರೇ ಕ್ಯಾನಿನಿಂದ ಗ್ಲಾಸ್ ಬ್ಲ್ಯಾಕ್ (ಹೊಳಪಿನ ಕಪ್ಪು) ಹೊಡೆದೆ. ಹತ್ತು ನಿಮಿಷದಲ್ಲಿ ಛಾವಣಿ, ಬಾನೆಟ್ ಎಲ್ಲ ಹಾಲು ಚೆಲ್ಲಿದಂತೆ ಮಂಕಾಯಿತು. ಕ್ಯಾನ್ ಕೆಟ್ಟಿತ್ತೇ? (ಉಡುಪಿ)

ಉತ್ತರ: ಕ್ಯಾನ್ ಕೆಟ್ಟಿರಲಿಲ್ಲ, ಕೆಟ್ಟದ್ದು ಗಾಳಿ. ಟಮಿಯಾದ ಟಿಎಸ್ ಸ್ಪ್ರೇ ಕ್ಯಾನ್‌ನಂಥ ಲ್ಯಾಕರ್ ಬಣ್ಣದಲ್ಲಿರುವ ದ್ರಾವಕ ಬಹಳ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಬಾಡಿಯ ಮೇಲ್ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಮಳೆಗಾಲದ ತೇವಾಂಶ ಶೇ. 85 ದಾಟುವುದು ಸಾಮಾನ್ಯ. ಅಂಥ ಗಾಳಿಯಲ್ಲಿ ಮೇಲ್ಮೈ ಸ್ವಲ್ಪ ತಣ್ಣಗಾದರೂ ಸಾಕು, ನೀರು ಹನಿಗಟ್ಟಿ ಹಸಿ ಬಣ್ಣದೊಳಗೆ ಸೇರುತ್ತದೆ. ಆ ಸೂಕ್ಷ್ಮ ಹನಿಗಳು ಬೆಳಕನ್ನು ಚದುರಿಸುವುದರಿಂದ ಬಿಳಿಚಿದಂತೆ ಕಾಣುತ್ತದೆ. ಕಪ್ಪು, ಕಡುನೀಲಿಯಲ್ಲಿ ಇದು ಢಾಳಾಗಿ ಕಾಣುತ್ತದೆ, ಬಿಳಿಯಲ್ಲಿ ಇದ್ದರೂ ಗೊತ್ತಾಗದು.

ಹಾಳಾದ ಬಾಡಿಯನ್ನು ಎಸೆಯಬೇಡಿ. ಒಣ ಹವೆಯ ದಿನಕ್ಕೆ ಕಾದು ಅದೇ ಬಣ್ಣವನ್ನು ತೆಳುವಾಗಿ, ಆದರೆ ಒದ್ದೆಯಾಗಿ ಇನ್ನೊಂದು ಸಲ ಹೊಡೆಯಿರಿ. ಹೊಸ ದ್ರಾವಕ ಹಳೆಯ ಪದರವನ್ನು ಮೆತ್ತಗಾಗಿಸಿ, ಸಿಕ್ಕಿಬಿದ್ದ ತೇವ ಹೊರಹೋಗಲು ದಾರಿ ಕೊಡುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಚಿಮ್ಮಿಸುವ ಪೆನ್ನಿನಂಥ ಸಲಕರಣೆ) ಇದ್ದವರು ಮಿಸ್ಟರ್ ಹಾಬಿಯ ಲೆವೆಲಿಂಗ್ ಥಿನ್ನರನ್ನಷ್ಟೇ ಮಂಜಿನಂತೆ ಹಾಯಿಸಿದರೂ ಕೆಲಸವಾಗುತ್ತದೆ. ಅದರಲ್ಲಿ ಒಣಗುವುದನ್ನು ನಿಧಾನಗೊಳಿಸುವ ರಿಟಾರ್ಡರ್ ಮೊದಲೇ ಬೆರೆತಿರುತ್ತದೆ.

ಮುಂದಿನ ಸಲ ಒಂದು ಸಣ್ಣ ಹೈಗ್ರೋಮೀಟರ್ ಕೊಂಡಿಡಿ. ತೇವಾಂಶ ಶೇ. 65ಕ್ಕಿಂತ ಮೇಲಿದ್ದರೆ ಹೊಳಪಿನ ಬಣ್ಣ ಹೊಡೆಯಬೇಡಿ. ಆ ದಿನಗಳಲ್ಲಿ ಒಳಾಂಗಣ, ಚಾಸಿ, ಚಕ್ರಗಳ ಕೆಲಸ ಮುಗಿಸಿಕೊಳ್ಳಿ. ಎಸಿ ಕೋಣೆಯಲ್ಲಿಟ್ಟು ತಣ್ಣಗಾದ ಬಾಡಿಯನ್ನು ಬಾಲ್ಕನಿಗೆ ತಂದು ಕೂಡಲೇ ಸ್ಪ್ರೇ ಮಾಡುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು, ಏಕೆಂದರೆ ಬಣ್ಣ ಬೀಳುವ ಮೊದಲೇ ಬಾಡಿ ಬೆವರಿರುತ್ತದೆ. ಬಾಡಿಯೂ ಕ್ಯಾನೂ ಹೊರಗಿನ ಉಷ್ಣಾಂಶಕ್ಕೆ ಬರುವವರೆಗೆ ಕಾಯಿರಿ. ಕ್ಯಾನನ್ನು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ಒತ್ತಡ ಹೆಚ್ಚಿ ಹನಿ ಸಣ್ಣದಾಗುತ್ತದೆ, ಆದರೆ ನೀರು 40 ಡಿಗ್ರಿ ಮೀರಬಾರದು, ಕ್ಯಾನನ್ನು ಒಲೆಯ ಹತ್ತಿರವೂ ಒಯ್ಯಬಾರದು.

ಪ್ರಶ್ನೆ: ಆಟೊಮೊಬೈಲ್ ಅಂಗಡಿಯಲ್ಲಿ ನನ್ನ ಕಾರಿನದ್ದೇ ಬಣ್ಣ ತಂದು ಎನ್‌ಸಿ (ನೈಟ್ರೊಸೆಲ್ಯುಲೋಸ್ ಬಣ್ಣದ) ಥಿನ್ನರ್ ಬೆರೆಸಿ ಏರ್‌ಬ್ರಷ್‌ನಲ್ಲಿ ಹೊಡೆದೆ. ಬಾಡಿಯ ಮೇಲೆ ಒಣಗಿದ ಕೆರೆಯಂಗಳದಂಥ ಬಿರುಕು. (ಹುಬ್ಬಳ್ಳಿ)

ಉತ್ತರ: ಬಿರುಕು ಬಣ್ಣದ್ದಲ್ಲ, ಪ್ಲಾಸ್ಟಿಕ್ಕಿನದು. ಕಿಟ್‌ನ ಬಾಡಿ ಪಾಲಿಸ್ಟೈರೀನ್. ಎನ್‌ಸಿ ಥಿನ್ನರ್‌ನಲ್ಲಿ ಇರುವ ಟಾಲ್ಯೂಯಿನ್‌ನಂಥ ದ್ರಾವಕಗಳು ಅದನ್ನು ನೇರವಾಗಿ ಕರಗಿಸುತ್ತವೆ. ನಿಜವಾದ ಕಾರಿನ ಬಣ್ಣವನ್ನು ತಯಾರಿಸಿರುವುದು ಪ್ರೈಮರ್ ಹೊಡೆದ ಲೋಹಕ್ಕೆ.

ಬಾಡಿಯನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ, ಮುಚ್ಚಳವಿರುವ ಡಬ್ಬಿಯಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಎಷ್ಟು ಬರುತ್ತದೋ ಅಷ್ಟು ಬಣ್ಣ ಬರಲಿ, ಉಳಿದದ್ದು ಮರಳುಕಾಗದಕ್ಕೆ. ಅವಸರಕ್ಕೆ ಥಿನ್ನರ್ ಅಥವಾ ಅಸಿಟೋನ್ ಮುಟ್ಟಿಸಿದರೆ ಬಾಡಿಯೇ ಹೋಗುತ್ತದೆ. ಬಿರುಕುಗಳನ್ನು 400, ಆಮೇಲೆ 600 ನಂಬರಿನಲ್ಲಿ ಉಜ್ಜಿ, ಮಿಸ್ಟರ್ ಸರ್ಫೇಸರ್ 500 ಎಂಬ ದಪ್ಪ ಪ್ರೈಮರ್ ತುಂಬಿ, ಮತ್ತೆ ಸಮ ಮಾಡಿ ಅದೇ ಸರ್ಫೇಸರ್‌ನ 1000 ಅಥವಾ 1200 ಹೊಡೆಯಿರಿ.

ಅದೇ ಬಣ್ಣ ಬೇಕೇ ಬೇಕೆಂದರೆ ಪ್ರೈಮರ್ ಎರಡು ದಿನ ಒಣಗಲಿ. ಎನ್‌ಸಿ ಬದಲು ಮಾಡೆಲ್ಲಿಗೆಂದೇ ಬರುವ ಲ್ಯಾಕರ್ ಥಿನ್ನರ್ ಬಳಸಿ. ಮೊದಲ ಎರಡು ಮೂರು ಸುತ್ತು ಬಾಡಿ ಒದ್ದೆಯಾಗದ ಹಾಗೆ ಮಂಜಿನಂತಿರಲಿ, ನಡುವೆ ಹದಿನೈದು ನಿಮಿಷ ಬಿಡಿ. ಒಂದೇ ಸಲಕ್ಕೆ ಒದ್ದೆ ಮಾಡಿದರೆ ದ್ರಾವಕ ಪ್ರೈಮರನ್ನೂ ದಾಟಿ ಇಳಿಯುತ್ತದೆ. ಮೊದಲ ಪ್ರಯೋಗ ಪ್ಲಾಸ್ಟಿಕ್ ಚಮಚದ ಮೇಲೆ ಆಗಲಿ. ಪದರಗಳ ಕ್ರಮವನ್ನೂ ನೆನಪಿಡಿ: ಕೆಳಗೆ ಲ್ಯಾಕರ್, ಅದರ ಮೇಲೆ ಅಕ್ರಿಲಿಕ್, ಎಲ್ಲಕ್ಕಿಂತ ಮೇಲೆ ಎನಾಮಲ್. ಎನಾಮಲ್ ಮೇಲೆ ಲ್ಯಾಕರ್ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಹೊಡೆದರೆ ಸುಕ್ಕು ಬೀಳುತ್ತದೆ.

ಪ್ರಶ್ನೆ: ಕೆಂಪು ಪ್ಲಾಸ್ಟಿಕ್ಕಿನ ಬಾಡಿಗೆ ಬಿಳಿ ಹೊಡೆದರೆ ಗುಲಾಬಿಯಾಗುತ್ತಿದೆ. (ತುಮಕೂರು)

ಉತ್ತರ: ಪ್ಲಾಸ್ಟಿಕ್ಕಿನೊಳಗಿನ ಕೆಂಪು ದ್ರಾವಕದೊಂದಿಗೆ ಮೇಲೇಳುತ್ತದೆ. ಎಷ್ಟು ಬಿಳಿ ಹೊಡೆದರೂ ತಡೆಯದು. ಬೂದು ಪ್ರೈಮರ್ ಮೇಲೆ ಒಂದು ತೆಳು ಬೆಳ್ಳಿ ಬಣ್ಣದ ಪದರ, ಅದರ ಮೇಲೆ ಬಿಳಿ ಪ್ರೈಮರ್, ಆಮೇಲೆ ಬಿಳಿ. ಬೆಳ್ಳಿ ಬಣ್ಣದ ಲೋಹದ ಚೂರುಗಳು ಕೆಂಪನ್ನು ತಡೆಹಿಡಿಯುತ್ತವೆ.

ಪ್ರಶ್ನೆ: ಏರ್‌ಬ್ರಷ್‌ನಲ್ಲಿ ಎಷ್ಟು ಜಾಗ್ರತೆ ವಹಿಸಿದರೂ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿ. ಪಾಲಿಶ್ ಮಾಡಲು ಹೋದರೆ ಅಂಚುಗಳಲ್ಲಿ ಪ್ಲಾಸ್ಟಿಕ್ ಕಾಣುತ್ತದೆ. (ದೋಹಾ)

ಉತ್ತರ: ನಿಮ್ಮದು ಉಡುಪಿಯವರಿಗೆ ತದ್ವಿರುದ್ಧ ಸಮಸ್ಯೆ. ಬಿಸಿ ಗಾಳಿಯಲ್ಲಿ ಹನಿ ಬಾಡಿ ತಲುಪುವ ಮೊದಲೇ ಅರ್ಧ ಒಣಗಿ, ಬಿದ್ದಲ್ಲೇ ಗಟ್ಟಿಯಾಗಿ ಕೂರುತ್ತದೆ, ಹರಿದು ಸಮನಾಗುವುದಿಲ್ಲ. ಲ್ಯಾಕರ್ ಬಣ್ಣ ಒಂದು ಪಾಲಿಗೆ ಲೆವೆಲಿಂಗ್ ಥಿನ್ನರ್ ಒಂದೂವರೆ ಪಾಲು ಬೆರೆಸಿ. 0.3 ಮಿ.ಮೀ. ನಾಜಲ್, 15ರಿಂದ 18 ಪಿಎಸ್‌ಐ ಒತ್ತಡ, ಬಾಡಿಯಿಂದ 8–10 ಸೆಂ.ಮೀ. ದೂರ. ಬಣ್ಣ ಬಿದ್ದ ಕ್ಷಣ ದೀಪದ ಪ್ರತಿಬಿಂಬ ನೋಡಿ: ಅದರ ಅಂಚು ಚೂಪಾಗಿ ಕಂಡರೆ ಸರಿಯಾಗಿದೆ, ಚದುರಿದರೆ ಕೈ ಇನ್ನಷ್ಟು ಹತ್ತಿರ ಅಥವಾ ನಿಧಾನ ಹೋಗಬೇಕು.

ಅಂಚಿನಲ್ಲಿ ಬಣ್ಣ ಹೋಗಲು ಕಾರಣವಿದೆ. ಹಸಿ ಬಣ್ಣ ಚೂಪಾದ ಮೂಲೆಯಿಂದ ಹಿಂದೆ ಸರಿಯುತ್ತದೆ, ಅಲ್ಲಿ ಪದರ ಮೊದಲೇ ತೆಳು. ಆದ್ದರಿಂದ ಚಕ್ರದ ಕಮಾನು, ಬಾಗಿಲಿನ ಗೆರೆ, ಛಾವಣಿಯ ಕಂಬಗಳಿಗೆ ಮೊದಲು ಎರಡು ಮಂಜಿನ ಸುತ್ತು ಕೊಟ್ಟು ಆಮೇಲೆ ಇಡೀ ಬಾಡಿ ಹೊಡೆಯಿರಿ. ಪಾಲಿಶ್‌ಗೆ ಮೊದಲು ಕನಿಷ್ಠ ಒಂದು ವಾರ ಒಣಗಲಿ. ಮೂಗಿನ ಹತ್ತಿರ ಹಿಡಿದಾಗ ಥಿನ್ನರ್ ವಾಸನೆ ಬಂದರೆ ಇನ್ನೂ ಒಣಗಿಲ್ಲ. ಅಂಚುಗಳಿಗೆಲ್ಲ ತೆಳು ಮಾಸ್ಕಿಂಗ್ ಟೇಪ್ ಹಚ್ಚಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ನೀರಿನಲ್ಲಿ 2000, 3000 ನಂಬರಿನಿಂದ ತರಿ ಹೋಗುವಷ್ಟು ಮಾತ್ರ ಉಜ್ಜಿ. ಆಮೇಲೆ ಟಮಿಯಾ ಕಾಂಪೌಂಡ್: ಕೋರ್ಸ್, ಫೈನ್, ಫಿನಿಶ್, ಪ್ರತಿಯೊಂದಕ್ಕೂ ಬೇರೆ ಬಟ್ಟೆ. ಮೆಟಾಲಿಕ್ ಬಣ್ಣವನ್ನು ನೇರವಾಗಿ ಉಜ್ಜಬಾರದು, ಚೂರುಗಳು ಕದಡಿ ಕಲೆಯಾಗುತ್ತದೆ. ಅದರ ಮೇಲೆ ಕ್ಲಿಯರ್ ಹೊಡೆದು ಕ್ಲಿಯರನ್ನಷ್ಟೇ ಉಜ್ಜಿ.

ಪ್ರಶ್ನೆ: ಬಣ್ಣ ಮುಗಿಯುವಷ್ಟರಲ್ಲಿ ಬಾಗಿಲಿನ ಗೆರೆಗಳೇ ಮಾಯ. (ಶಿವಮೊಗ್ಗ)

ಉತ್ತರ: 1/24ರಲ್ಲಿ 0.1 ಮಿ.ಮೀ. ದಪ್ಪದ ಬಣ್ಣವೆಂದರೆ ನಿಜವಾದ ಕಾರಿನ ಮೇಲೆ 2.4 ಮಿ.ಮೀ. ದಪ್ಪ ಬಳಿದ ಲೆಕ್ಕ. ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಸೇರಿ ಗೆರೆ ತುಂಬುತ್ತವೆ. ಪ್ರೈಮರ್‌ಗೆ ಮೊದಲೇ ಸ್ಕ್ರೈಬರ್‌ನಿಂದ ಗೆರೆಗಳನ್ನು ಹಗುರವಾಗಿ ನಾಲ್ಕೈದು ಸಲ ಎಳೆದು ಆಳ ಮಾಡಿ. ಒತ್ತಿ ಎಳೆದರೆ ಮೊನೆ ಜಾರಿ ಬಾಗಿಲಿನ ಮೇಲೆ ಗೀರು ಬೀಳುತ್ತದೆ. ಕೊನೆಯಲ್ಲಿ ಗೆರೆಗೆ ಎನಾಮಲ್ ಪ್ಯಾನೆಲ್ ಲೈನ್ ಬಣ್ಣ ಹರಿಸಿ: ಬಿಳಿ ಕಾರಿಗೆ ಬೂದು, ಕೆಂಪಿಗೆ ಕಡುಕಂದು. ಬಿಳಿ ಕಾರಿಗೆ ಕಪ್ಪು ಗೆರೆ ಹಾಕಿದರೆ ಕಾರ್ಟೂನಿನಂತೆ ಕಾಣುತ್ತದೆ.

ಪ್ರಶ್ನೆ: ಕ್ರೋಮ್ ಭಾಗಗಳು ಅಂಟುವುದಿಲ್ಲ, ಸೂಪರ್ ಗ್ಲೂ ಹಾಕಿದರೆ ಗಾಜು ಮಸುಕಾಗುತ್ತದೆ. (ಮೈಸೂರು)

ಉತ್ತರ: ಸಿಮೆಂಟ್ ಬೆಸೆಯುವುದು ಪ್ಲಾಸ್ಟಿಕ್ಕನ್ನು, ಕ್ರೋಮ್ ಲೇಪವನ್ನಲ್ಲ. ಅಂಟುವ ಜಾಗದಲ್ಲಿ ಮಾತ್ರ ಚಾಕುವಿನಿಂದ ಕ್ರೋಮ್ ಕೆರೆದು ಅಂಟಿಸಿ. ಗಾಜಿನ ಭಾಗಗಳಿಗೆ ಸೂಪರ್ ಗ್ಲೂ ಬೇಡ, ಅದರ ಆವಿಯೇ ಬಿಳಿ ಪೊರೆಯಾಗಿ ಕೂರುತ್ತದೆ. ಪಿವಿಎ (ಫೆವಿಕಾಲ್‌ನಂಥ ಬಿಳಿ) ಅಂಟು ಸಾಕು, ಒಣಗಿದ ಮೇಲೆ ಪಾರದರ್ಶಕವಾಗುತ್ತದೆ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಸ್ಪ್ರೇ ಮಾಡುವಾಗ ಎನ್95 ಮಾಸ್ಕ್ ಸಾಕೇ? (ಬೆಂಗಳೂರು)

ಉತ್ತರ: ಸಾಲದು. ಎನ್95 ಬಣ್ಣದ ಕಣಗಳನ್ನು ತಡೆಯುತ್ತದೆ, ದ್ರಾವಕದ ಆವಿಯನ್ನಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಅರ್ಧಮುಖದ ರೆಸ್ಪಿರೇಟರ್ ಬಳಸಿ, ಹೊರಗೆ ಗಾಳಿ ಕೊಂಡೊಯ್ಯುವ ಪೈಪಿರುವ ಸ್ಪ್ರೇ ಬೂತ್ ಇಡಿ. ಮಾಸ್ಕ್ ಹಾಕಿದಾಗಲೂ ವಾಸನೆ ಬರತೊಡಗಿದರೆ ಕಾರ್ಟ್ರಿಜ್ ಬದಲಿಸುವ ಹೊತ್ತು ಬಂದಿದೆ. ಸ್ಪ್ರೇ ಮಾಡುವಾಗ ಹತ್ತಿರದಲ್ಲಿ ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಯಾವುದೂ ಉರಿಯುತ್ತಿರಬಾರದು. ಗಟ್ಟಿಕಾರಕ ಬೆರೆಸುವ ಟೂ-ಕೆ ಕ್ಲಿಯರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶ್ವಾಸಕೋಶಕ್ಕೆ ತರುವ ಅಲರ್ಜಿ ಒಮ್ಮೆ ಅಂಟಿಕೊಂಡರೆ ಜೀವನಪೂರ್ತಿ ಉಳಿಯಬಹುದು. ಮಕ್ಕಳಿರುವ ಮನೆಯೊಳಗೆ ಅದನ್ನು ತರಲೇಬೇಡಿ. ಟಿಎಸ್-13 ಕ್ಲಿಯರನ್ನೇ ತಾಳ್ಮೆಯಿಂದ ಪಾಲಿಶ್ ಮಾಡಿದರೆ ಹೊಳಪು ಎಲ್ಲೂ ಕಮ್ಮಿಯಾಗುವುದಿಲ್ಲ. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಇರುವ ಕಡೆ ಕ್ಲಿಯರನ್ನು ಮೊದಲೇ ಒದ್ದೆಯಾಗಿ ಹೊಡೆಯಬೇಡಿ, ಡೆಕಾಲ್ ಸುಕ್ಕುಗಟ್ಟುತ್ತದೆ. ಮೂರು ಮಂಜಿನ ಸುತ್ತು, ನಡುವೆ ಅರ್ಧ ಗಂಟೆ ಬಿಡುವು, ಆಮೇಲೆ ಒದ್ದೆ ಸುತ್ತು.