ಕಣ್ಣೂರಿಗೆ ಯಾಕೆ ಬರಲ್ಲ ದುಬೈ ವಿಮಾನ?

ಪ್ರಶ್ನೆ: ಅಣ್ಣಾ, ಗೋಣಿಕೊಪ್ಪದ ಹತ್ತಿರ ನೆರಳು ಪರದೆ ಹಾಕಿ ಆಂಥೂರಿಯಂ ಬೆಳೆಯುತ್ತಿದ್ದೇವೆ. ದುಬೈಯ ಹೂವಿನ ವ್ಯಾಪಾರಿಯೊಬ್ಬರು ವಾರಕ್ಕೆ ಇಪ್ಪತ್ತು ಪೆಟ್ಟಿಗೆ ಕೇಳುತ್ತಿದ್ದಾರೆ. ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ. ಆದರೆ ಏಜೆಂಟ್, "ದುಬೈ ಕಂಪನಿಗೆ ಕಣ್ಣೂರಿನಲ್ಲಿ ಇಳಿಯುವ ಹಕ್ಕಿಲ್ಲ, ಬೆಂಗಳೂರಿಗೇ ತನ್ನಿ" ಎನ್ನುತ್ತಾರೆ. ರನ್‌ವೇ ಇದೆ, ವಿಮಾನ ಇದೆ, ಹೂವಿದೆ. ಇನ್ನು ಇದ್ಯಾವ ಹಕ್ಕು? ಯಾರದ್ದು? – ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ತಂಗೀ, ನಿಮ್ಮ ಏಜೆಂಟ್ ಸುಳ್ಳು ಹೇಳಿಲ್ಲ. ಅರ್ಧ ಹೇಳಿದ್ದಾರೆ. ಉಳಿದರ್ಧ ಹೇಳೋಕೆ ನನಗೆ ಸ್ವಲ್ಪ ಜಾಗ ಬೇಕು, ಸಂಪಾದಕರು ಬೈದರೂ ಪರವಾಗಿಲ್ಲ. ಬೆಂಗಳೂರಿನ ಹಳೇ ಎಚ್‌ಎಎಲ್ ವಿಮಾನ ನಿಲ್ದಾಣದ ಕಾರ್ಗೋ ಶೆಡ್ಡಿನಲ್ಲಿ ಹತ್ತಾರು ವರ್ಷ ಏರ್‌ವೇ ಬಿಲ್ (ವಿಮಾನದಲ್ಲಿ ಹೋಗುವ ಸರಕಿನ ಚೀಟಿ) ಬರೆದವನು ನಾನು. ತೋಟಕ್ಕೆ ವಾಪಸ್ ಬಂದ ಮೇಲೂ ಈ ಪ್ರಶ್ನೆ ಕೇಳಿದರೆ ಕೈ ತುರಿಸುತ್ತದೆ.

ವಿರಾಜಪೇಟೆಯ ಖಾಸಗಿ ಬಸ್ ಸ್ಟ್ಯಾಂಡನ್ನೇ ನೆನಪು ಮಾಡಿಕೊಳ್ಳಿ. ದುಡ್ಡಿದ್ದವರು ಬಸ್ ಕೊಳ್ಳಬಹುದು. ಆದರೆ ಮಡಿಕೇರಿ ರೂಟಿಗೆ ಪರ್ಮಿಟ್ ಬೇಕು, ಟೈಮಿಂಗ್ಸ್ ಬೇಕು. ಹೊಸಬರು ಅರ್ಜಿ ಹಾಕಿದ ದಿನ, ಐದು ನಿಮಿಷ ಮುಂಚೆ ಹೊರಡುವ ಹಳೇ ಬಸ್ಸಿನವರು ಸಾರಿಗೆ ಪ್ರಾಧಿಕಾರದ ಸಭೆಗೆ ಆಕ್ಷೇಪಣೆ ಹಿಡಿದು ಬಂದಿರುತ್ತಾರೆ. ಇನ್ನು ಬಸ್ಸು ಪೆರುಂಬಾಡಿ ಚೆಕ್‌ಪೋಸ್ಟ್ ದಾಟಿ ಕೇರಳಕ್ಕೆ ಹೋಗಬೇಕೆಂದರೆ ಮಾಲೀಕನ ಕೈಯಲ್ಲಿ ಏನೂ ಇಲ್ಲ. ಎರಡು ರಾಜ್ಯಗಳು ಕೂತು ನಿಮ್ಮದಿಷ್ಟು, ನಮ್ಮದಿಷ್ಟು ಎಂದು ಒಪ್ಪಂದ ಮಾಡಿಕೊಳ್ಳಬೇಕು. (ಕೆಎಸ್‌ಆರ್‌ಟಿಸಿ ಅನ್ನುವ ಐದಕ್ಷರದ ಹೆಸರಿಗೇ ಎರಡೂ ಕಡೆಯವರು ವರ್ಷಗಟ್ಟಲೆ ಜಗಳ ಆಡಿದವರು. ರೂಟಿಗೆ ಬಿಡುತ್ತಾರೆಯೇ?)

ಆಕಾಶದಲ್ಲೂ ಕಥೆ ಇದೇ. 1944ರ ಡಿಸೆಂಬರಿನಲ್ಲಿ ಶಿಕಾಗೋದಲ್ಲಿ 52 ದೇಶಗಳು ಸಹಿ ಹಾಕಿದ ಒಪ್ಪಂದದ ಮೊದಲ ಮಾತೇ ಇದು: ಒಂದು ದೇಶದ ನೆಲದ ಮೇಲಿನ ಆಕಾಶ ಆ ದೇಶದ್ದು. ನಿಗದಿತ ವೇಳಾಪಟ್ಟಿಯ ವಿದೇಶಿ ವಿಮಾನ ಒಳಗೆ ಬರಬೇಕಾದರೆ ಅನುಮತಿ ಬೇಕು. ಹಾಗಾಗಿ ನೀವು ಕೇಳಿದ ಹಕ್ಕು ಯಾವ ವಿಮಾನ ಕಂಪನಿಯದ್ದೂ ಅಲ್ಲ, ಸರ್ಕಾರದ್ದು. ಭಾರತ ಮತ್ತು ಆ ಇನ್ನೊಂದು ದೇಶ ಕೂತು ಮಾತಾಡಿ, ವಾರಕ್ಕೆ ಎಷ್ಟು ಹಾರಾಟ, ಯಾವ ಯಾವ ಊರಿಗೆ ಎಂದು ಬರೆದುಕೊಳ್ಳುತ್ತವೆ. ಆಮೇಲೆ ತಮ್ಮ ಪಾಲನ್ನು ತಮ್ಮ ತಮ್ಮ ಕಂಪನಿಗಳಿಗೆ ಹಂಚುತ್ತವೆ. ಹಂಚಲು ಸಿಕ್ಕಿದ್ದು ಹತ್ತು, ಕೈಯೊಡ್ಡಿ ನಿಂತವರು ಇಪ್ಪತ್ತು ಜನ ಇದ್ದಾಗ ಶುರುವಾಗುತ್ತದೆ ನೋಡಿ ಕುಸ್ತಿ.

ಆ ಕುಸ್ತಿಯ ಬೆಲೆ ಎಷ್ಟೆಂದು ಗೊತ್ತಾಗಬೇಕಾದರೆ ಅಮೆರಿಕದ ಉದಾಹರಣೆ ಒಳ್ಳೆಯದು. 1989ರಲ್ಲಿ ಫೆಡೆಕ್ಸ್ ಕಂಪನಿ ಫ್ಲೈಯಿಂಗ್ ಟೈಗರ್ಸ್ ಎಂಬ ಹಳೇ ಸರಕು ವಿಮಾನ ಸಂಸ್ಥೆಯನ್ನು ಸುಮಾರು 88 ಕೋಟಿ ಡಾಲರ್ ಕೊಟ್ಟು ನುಂಗಿಕೊಂಡಿತು. ವಿಮಾನಗಳು ಬೇಕಾಗಿದ್ದವು, ನಿಜ. ಅದಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಟೈಗರ್ಸ್ ಬಳಿ ಇದ್ದ ಏಷ್ಯಾದ ರೂಟುಗಳು. ನಮ್ಮಲ್ಲಿ ಹಳೇ ಬಸ್ಸನ್ನು ಪರ್ಮಿಟ್ಟಿನ ಆಸೆಗೆ ಕೊಳ್ಳುವುದಿಲ್ಲವೇ, ಹಾಗೆ. 1995ರಲ್ಲಿ ಎವರ್‌ಗ್ರೀನ್ ಎಂಬ ಕಂಪನಿಯಿಂದ ಚೀನಾಕ್ಕೆ ಸರಕು ಒಯ್ಯುವ ಹಕ್ಕನ್ನೂ ಅದೇ ಫೆಡೆಕ್ಸ್ ಕೊಂಡಿತು. ಈ ಸಲ ಕೊಂಡದ್ದು ಬಸ್ಸಲ್ಲ, ಬರೀ ಪರ್ಮಿಟ್ಟು.

ಅದರ ಎದುರಾಳಿ ಪಾರ್ಸೆಲ್ ಕಂಪನಿ ಯುಪಿಎಸ್ ಸುಮ್ಮನಿರುತ್ತದೆಯೇ? 2000ದಲ್ಲಿ ಚೀನಾ ರೂಟಿಗೆ ಒಂದೇ ಒಂದು ಹೊಸ ಕಂಪನಿಗೆ ಜಾಗ ಬಂತು. ಯುಪಿಎಸ್ ಜೊತೆಗೆ ಅಮೆರಿಕನ್, ಡೆಲ್ಟಾದಂಥ ಪ್ರಯಾಣಿಕರ ವಿಮಾನ ಕಂಪನಿಗಳೂ ಅದೇ ಕುರ್ಚಿಗೆ ಟವೆಲ್ ಹಾಕಿದವು. ಅಲ್ಲಿನ ಸಾರಿಗೆ ಇಲಾಖೆಯ ಮುಂದೆ ಕಡತಗಳ ಮೇಲೆ ಕಡತ. ಜನ ಹೋಗಬೇಕೋ, ಪೆಟ್ಟಿಗೆ ಹೋಗಬೇಕೋ ಎಂಬ ವಾದ. ಗೆದ್ದದ್ದು ಪೆಟ್ಟಿಗೆ. 2001ರ ಏಪ್ರಿಲ್‌ನಲ್ಲಿ ಯುಪಿಎಸ್ ಹಾರಾಟ ಶುರು ಮಾಡಿತು. 2004ರ ಜುಲೈನಲ್ಲಿ ಎರಡೂ ದೇಶ ಮತ್ತೆ ಕೂತು, ವಾರಕ್ಕೆ 54 ಇದ್ದ ಹಾರಾಟವನ್ನು ಆರು ವರ್ಷದಲ್ಲಿ 249ಕ್ಕೆ ಏರಿಸಲು ಒಪ್ಪಿದವು. ಹೆಚ್ಚಾದ 195ರಲ್ಲಿ 111 ಬರೀ ಸರಕಿನ ವಿಮಾನಗಳಿಗೆ. ಪ್ರಯಾಣಿಕರಿಗಿಂತ ಪೆಟ್ಟಿಗೆಗೆ ಹೆಚ್ಚು ಪಾಲು ಸಿಕ್ಕಿದ್ದನ್ನು ಓದಿದ ದಿನ, ಕಾರ್ಗೋ ಶೆಡ್ಡಿನ ನಾವೆಲ್ಲ ಒಂದೊಂದು ಎಕ್ಸ್‌ಟ್ರಾ ಚಹಾ ಕುಡಿದಿದ್ದೆವು.

ಅಮೆರಿಕದವರದ್ದು ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟ. ಹೀಗೆ ಹಂಚಿದ ಹಾರಾಟವನ್ನು ಯಾರಾದರೂ 90 ದಿನ ಉಪಯೋಗಿಸದೆ ಇಟ್ಟುಕೊಂಡರೆ ಅದು ಇಲಾಖೆಗೆ ವಾಪಸ್. ಹುಲ್ಲಿನ ಬಣವೆ ಮೇಲೆ ಮಲಗಿದ ನಾಯಿಯ ಕೆಲಸ ನಡೆಯುವುದಿಲ್ಲ.

ಈಗ ಕಣ್ಣೂರು. 2018ರ ಡಿಸೆಂಬರ್ 9ಕ್ಕೆ ಬಾಗಿಲು ತೆರೆದ ನಿಲ್ದಾಣ, 3,050 ಮೀಟರ್ ರನ್‌ವೇ. ದೊಡ್ಡ ವಿಮಾನಕ್ಕೂ ಸಾಕು. ಆದರೆ ಎರಡು ಬಾಗಿಲಿಗೆ ಬೀಗ. ಮೊದಲನೆಯದು 'ಪಾಯಿಂಟ್ ಆಫ್ ಕಾಲ್'. ಇಂಥ ದೇಶದ ಕಂಪನಿ ನಮ್ಮ ಇಂಥಿಂಥ ಊರಲ್ಲಿ ಇಳಿಯಬಹುದು ಎಂದು ಒಪ್ಪಂದದಲ್ಲಿ ಬರೆದ ಪಟ್ಟಿ. ಕಣ್ಣೂರನ್ನು ಆ ಪಟ್ಟಿಗೆ ಸೇರಿಸಿ ಎಂದು ಕೇರಳದವರು ಕೇಳುತ್ತಲೇ ಬಂದಿದ್ದಾರೆ. ಮಹಾನಗರವಲ್ಲದ ಊರುಗಳನ್ನು ವಿದೇಶಿ ಪ್ರಯಾಣಿಕ ವಿಮಾನಗಳಿಗೆ ಹೊಸದಾಗಿ ತೆರೆಯುವುದಿಲ್ಲ ಎಂಬುದು ದೆಹಲಿಯ ಉತ್ತರ. ಎರಡನೆಯದು ಸರಕು ವಿಮಾನದ ಬೀಗ. 1990ರ ದಶಕದಿಂದ ನಮ್ಮದು ಸರಕಿಗೆ ತೆರೆದ ಆಕಾಶ. ಯಾವ ದೇಶದ ಫ್ರೈಟರ್ (ಬರೀ ಸರಕಿನ ವಿಮಾನ) ಆದರೂ ಬರಬಹುದಿತ್ತು. 2020ರ ಮೇ ತಿಂಗಳಲ್ಲಿ ನಿಯಮ ಬದಲಾಯಿತು. ವೇಳಾಪಟ್ಟಿ ಇಲ್ಲದ ವಿದೇಶಿ ಸರಕು ವಿಮಾನಗಳಿಗೆ ಬೆಂಗಳೂರು, ಚೆನ್ನೈ, ದೆಹಲಿ, ಹೈದರಾಬಾದ್, ಕೋಲ್ಕತ್ತಾ, ಮುಂಬೈ, ಈ ಆರೇ ಊರು.

ಕಾರಣ ಇಲ್ಲದೆ ಏನೂ ಇಲ್ಲ. ಭಾರತದಿಂದ ಹೊರಗೆ ಹೋಗುವ ವಿಮಾನ ಸರಕಿನ ಬಹುಪಾಲನ್ನು ವಿದೇಶಿ ಕಂಪನಿಗಳೇ ಹೊರುತ್ತಿದ್ದವು. ನಮ್ಮವರು ಬೆಳೆಯಲಿ ಎಂದು ಬೇಲಿ ಹಾಕಿದರು. ಒಪ್ಪೋಣ. ಆದರೆ ನಾನು ಕಾಫಿ ಗಿಡ ಸಾಕಿದವನು. ನೆರಳು ಬೇಕು ಎಂದು ಸಿಲ್ವರ್ ಓಕ್ ನೆಟ್ಟು, ಆಮೇಲೆ ಕಪಾತು ಮಾಡದೆ ಬಿಟ್ಟರೆ ಕೆಳಗಿನ ಗಿಡ ಏನಾಗುತ್ತದೆಂದು ಗೊತ್ತು. ಬೇಲಿ ಹಾಕಿದವರು ನಮ್ಮ ಕಂಪನಿಯನ್ನೂ ಕಣ್ಣೂರಿಗೆ ತರಬೇಕಿತ್ತು. 2023ರ ಮೇ ತಿಂಗಳಲ್ಲಿ ನಮ್ಮದೇ ವಿಮಾನ ಕಂಪನಿ ಗೋ ಫಸ್ಟ್ ನಿಂತುಹೋಯಿತು. ಕಣ್ಣೂರಿನ ದೊಡ್ಡ ಪಾಲು ಹಾರಾಟ ಅವರದ್ದೇ. ಒಂದೇ ವಾರದಲ್ಲಿ ನಿಲ್ದಾಣ ಭಣಭಣ. ಆ ಖಾಲಿ ಜಾಗಕ್ಕೆ ಹೊರಗಿನವರು ಬರುವಂತಿರಲಿಲ್ಲ, ಒಳಗಿನವರಿಗೆ ಸಾಕಷ್ಟು ವಿಮಾನವಿರಲಿಲ್ಲ. ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ.

ಹಾಗೆಂದು ಹಕ್ಕು ಸಿಕ್ಕಿದ ಕೂಡಲೇ ವಿಮಾನ ಬಂದು ನಿಲ್ಲುತ್ತದೆ ಎಂದುಕೊಳ್ಳಬೇಡಿ. ನಮ್ಮ ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ನಾಗಪುರವನ್ನು ಕೇಂದ್ರ ಮಾಡಿಕೊಂಡು ಡೆಕ್ಕನ್ 360 ಎಂಬ ಸರಕು ವಿಮಾನ ಸಂಸ್ಥೆ ಕಟ್ಟಿದರು. ಕೆಲವೇ ವರ್ಷಕ್ಕೆ ಮುಚ್ಚಿತು. ಸರಕಿನ ವ್ಯವಹಾರದಲ್ಲಿ ಹೋಗುವಾಗಿನ ಲೋಡಿಗಿಂತ ಬರುವಾಗಿನ ಲೋಡು ಮುಖ್ಯ. ಪೆಟ್ಟಿಗೆ ಪ್ರಯಾಣಿಕನ ಹಾಗಲ್ಲ, ರಜೆ ಮುಗಿಸಿ ಮನೆಗೆ ವಾಪಸ್ ಬರುವುದಿಲ್ಲ. ದುಬೈಗೆ ಹೂವು ಒಯ್ದ ಫ್ರೈಟರ್ ಕಣ್ಣೂರಿಗೆ ಏನು ತುಂಬಿಕೊಂಡು ಬರಬೇಕು?

ಆದ್ದರಿಂದ ನಿಮಗೆ ಫ್ರೈಟರೇ ಬೇಡ. ಇಪ್ಪತ್ತು ಪೆಟ್ಟಿಗೆಗೆ ಪ್ರಯಾಣಿಕ ವಿಮಾನದ ಹೊಟ್ಟೆ ಸಾಕು. ಕಣ್ಣೂರಿನಿಂದ ಕೊಲ್ಲಿ ದೇಶಗಳಿಗೆ ಭಾರತೀಯ ಕಂಪನಿಗಳ ವಿಮಾನ ಇದೆ, ಅಂತರರಾಷ್ಟ್ರೀಯ ಸರಕಿನ ಸೌಲಭ್ಯ 2021ರಿಂದ ಇದೆ. ಏಜೆಂಟ್ ಇದನ್ನು ಹೇಳದಿರಲು ಕಾರಣ, ಬೆಂಗಳೂರಲ್ಲಿ ಅವರಿಗೆ ದರ ಚೌಕಾಸಿಗೆ ನಾಲ್ಕು ಕಂಪನಿ ಸಿಗುತ್ತವೆ. ಕಣ್ಣೂರಿನ ದರ ಬರೆಸಿ ತರಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನ ಲೆಕ್ಕಕ್ಕೆ ರಾತ್ರಿ ಜೀಪಿನ ಬಾಡಿಗೆ ಸೇರಿಸಲು ಮರೆಯಬೇಡಿ, ಕಣ್ಣೂರಿನ ಲೆಕ್ಕಕ್ಕೆ ಜುಲೈನಲ್ಲಿ ಮಾಕುಟ್ಟದಲ್ಲಿ ಬರೆ ಕುಸಿಯುವುದನ್ನು.

ಪೆಟ್ಟಿಗೆಯ ಬಗ್ಗೆ ಒಂದು ಮಾತು. ವಿಮಾನದವರು ತೂಕ ನೋಡುವುದು ಎರಡು ಥರ: ತಕ್ಕಡಿಯ ತೂಕ ಒಂದು, ಪೆಟ್ಟಿಗೆಯ ಗಾತ್ರದ ಲೆಕ್ಕ ಇನ್ನೊಂದು. ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಗಾತ್ರದ ಲೆಕ್ಕ ಹೀಗೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿ. ನೂರು, ನಲವತ್ತು, ಮೂವತ್ತರ ಪೆಟ್ಟಿಗೆಗೆ 20 ಕಿಲೋ ಬರುತ್ತದೆ. ಒಳಗೆ ಹೂವು ಎಂಟೇ ಕಿಲೋ ಇದ್ದರೂ ದುಡ್ಡು 20 ಕಿಲೋಗೆ. ಎತ್ತರವನ್ನು ಮೂವತ್ತರಿಂದ ಇಪ್ಪತ್ತನಾಲ್ಕಕ್ಕೆ ಇಳಿಸಿದರೆ 16 ಕಿಲೋ. ಇಪ್ಪತ್ತು ಪೆಟ್ಟಿಗೆಗೆ ವಾರಕ್ಕೆ 80 ಕಿಲೋ ಬಾಡಿಗೆ ಉಳಿಯಿತು. ಹೂವಿನ ಎಲೆಗೆ ಪೆಟ್ಟಾಗದ ಹಾಗೆ ಇಳಿಸಿ, ಅಷ್ಟೆ. ಕಂಪನಿಗೆ ಹಕ್ಕು ಇದೆಯೋ ಇಲ್ಲವೋ, ಆ ಆರು ಸೆಂಟಿಮೀಟರ್ ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ಸಾರ್, ರಾಜಾಸೀಟ್ ಮೇಲೆ ಸಂಜೆ ಬಿಳಿ ಗೆರೆ ಎಳೆದುಕೊಂಡು ವಿಮಾನ ಹೋಗುತ್ತದೆ. ಇಳಿಯದೇ ಹೋಗುವ ವಿದೇಶಿ ವಿಮಾನಕ್ಕೂ ಪರ್ಮಿಟ್ ಬೇಕೆ? ಅದರಿಂದ ನಮ್ಮ ದೇಶಕ್ಕೇನು ಲಾಭ? – ಪದವಿ ವಿದ್ಯಾರ್ಥಿ, ಮಡಿಕೇರಿ

ಉತ್ತರ: ಬೇಕಪ್ಪಾ. ಲಾಭವೂ ಇದೆ. ಮೇಲಿನಿಂದ ಸುಮ್ಮನೆ ದಾಟಿಹೋಗುವುದಕ್ಕೆ ಈ ವ್ಯವಹಾರದಲ್ಲಿ 'ಮೊದಲ ಸ್ವಾತಂತ್ರ್ಯ' ಎಂದು ಹೆಸರು. ಎಣ್ಣೆ ಹಾಕಿಸಿಕೊಳ್ಳಲು ಮಾತ್ರ ಇಳಿಯುವುದು ಎರಡನೆಯದು. ತನ್ನ ದೇಶದ ಸರಕನ್ನು ನಮ್ಮಲ್ಲಿ ಇಳಿಸುವುದು ಮೂರನೆಯದು, ನಮ್ಮಲ್ಲಿಂದ ತುಂಬಿಕೊಂಡು ಮನೆಗೆ ಹೋಗುವುದು ನಾಲ್ಕನೆಯದು. ಜಗಳ ಜೋರಾಗುವುದು ಐದನೆಯದರಲ್ಲಿ. ನಮ್ಮಲ್ಲಿಂದ ತುಂಬಿ ಮೂರನೇ ದೇಶಕ್ಕೆ ಒಯ್ಯುವುದು. ಮೈಸೂರಿನಿಂದ ಹೊರಟ ಬಸ್ಸು ಕುಶಾಲನಗರದಲ್ಲಿ ಮಡಿಕೇರಿ ಪ್ರಯಾಣಿಕರನ್ನು ಹತ್ತಿಸಿಕೊಂಡರೆ ಲೋಕಲ್ ಬಸ್ಸಿನವನ ಮುಖ ನೋಡಿದ್ದೀಯಲ್ಲ, ಆ ಮುಖ.

ನೀನು ಕೇಳಿದ ಬಿಳಿ ಗೆರೆಯ ವಿಮಾನ ನಮ್ಮ ನೆಲಕ್ಕೆ ಚಕ್ರ ತಾಗಿಸದಿದ್ದರೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಮಾರ್ಗ ಶುಲ್ಕ ಕಟ್ಟುತ್ತದೆ. ದಾರಿ ತೋರಿಸುವ ರೇಡಾರು, ರೇಡಿಯೋ ಮಾತು, ಎಲ್ಲದರ ಬಾಬ್ತು. ಈ ಆಕಾಶ ಮುಚ್ಚಿದರೆ ಏನಾಗುತ್ತದೆಂದು 2022ರಲ್ಲಿ ನೋಡಿದೆವು. ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ವಿಮಾನಗಳಿಗೆ ರಷ್ಯಾ ತನ್ನ ಆಕಾಶ ಮುಚ್ಚಿತು. ಜಪಾನಿಗೆ ಹೋಗುವವರು ಗಂಟೆಗಟ್ಟಲೆ ಸುತ್ತು ಹಾಕಬೇಕಾಯಿತು.

ಪ್ರಶ್ನೆ: ಮಾವ, ಕೊಡಗಿನ ಕಾಫಿಯನ್ನೂ ವಿಮಾನದಲ್ಲೇ ಕಳಿಸಬಾರದೇಕೆ? – ಬೆಳೆಗಾರರೊಬ್ಬರು, ಸಿದ್ದಾಪುರ

ಉತ್ತರ: ಕೊಳೆಯುವ ವಸ್ತುವಲ್ಲ, ಆತುರವೇನು? ಒಣಗಿದ ಕಾಫಿ ಬೀಜ ತಿಂಗಳುಗಟ್ಟಲೆ ತಡೆಯುತ್ತದೆ. ಅರುವತ್ತು ಕಿಲೋ ಮೂಟೆಗಳನ್ನು ಕಂಟೇನರಿಗೆ ತುಂಬಿ ಮಂಗಳೂರಿನ ಪಣಂಬೂರು ಬಂದರಿನಿಂದಲೋ ಕೊಚ್ಚಿಯಿಂದಲೋ ಹಡಗಿಗೆ ಹತ್ತಿಸಿದರೆ ಕಿಲೋಗೆ ಬೀಳುವ ಬಾಡಿಗೆ ಎಲ್ಲಿ, ವಿಮಾನದ ಬಾಡಿಗೆ ಎಲ್ಲಿ! ವಿಮಾನ ಹತ್ತುವುದು ಸ್ಯಾಂಪಲ್ ಮಾತ್ರ, ಅರ್ಧ ಕಿಲೋದೊಳಗಿನ ಪೊಟ್ಟಣ. ಅದಕ್ಕೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೋ ಎಂದು ಮೊದಲೇ ವಿಚಾರಿಸಿಕೊಳ್ಳಿ. ವಿಚಾರಿಸದೆ ನಾನು ಕಳಿಸಿದ್ದ ನಮ್ಮ ತೋಟದ ಒಂದು ಪೊಟ್ಟಣ ಆ ದೇಶದ ಕಸ್ಟಮ್ಸಿನಲ್ಲಿ ಕೂತು, ಎರಡು ತಿಂಗಳ ಮೇಲೆ ಮೂರು ಸೀಲು ಹೊಡೆಸಿಕೊಂಡು ಮನೆಗೇ ವಾಪಸ್ ಬಂತು. ಮನೆಯವಳು ಅದನ್ನೇ ಹುರಿದು ಪುಡಿ ಮಾಡಿದಳು. ಫಾರಿನ್ ಕಾಫಿ ಎಂದು ಹೇಳಿಯೇ ನೆಂಟರಿಗೆ ಕೊಟ್ಟೆವು.