ಆ ಟಿಕೆಟ್ ಕೊನೆಗೆ ಏನಾಗುತ್ತದೆ?

ಮಕ್ಕಳ ಆರ್ಕೇಡ್‌ಗಳ, ಅಂದರೆ ದುಡ್ಡು ಹಾಕಿ ಆಡುವ ಮೆಷಿನ್‌ಗಳ ಅಂಗಡಿಗಳ, ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಇದು ಜೂಜೇ? ಒಬ್ಬರು ಸಿಟ್ಟಿನಿಂದ ಕೇಳುತ್ತಾರೆ, ಇನ್ನೊಬ್ಬರು ಭಯದಿಂದ, ಮತ್ತೊಬ್ಬರು ಒಂದು ಅಂಗಡಿ ತೆರೆಯುವ ಆಸೆಯಿಂದ. ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಟಿಕೆಟ್ ಎಲ್ಲಿಂದ ಬರುತ್ತದೆ, ಬಹುಮಾನ ಕೊಡುವ ಕೌಂಟರ್ ಎಲ್ಲಿರುತ್ತದೆ ಎಂದೆಲ್ಲ ವಿವರಿಸುವುದಿಲ್ಲ. ಅದು ನಿಮಗಿಂತ ನಿಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಮಕ್ಕಳು ದುಡ್ಡು ಹಾಕುತ್ತಾರೆ, ಗುಂಡಿ ಒತ್ತುತ್ತಾರೆ, ಅದೃಷ್ಟವಿದ್ದರೆ ರಾಶಿ ಟಿಕೆಟ್ ಬರುತ್ತದೆ, ಅದಕ್ಕೆ ಬಹುಮಾನ ಸಿಗುತ್ತದೆ. ಇದು ಜೂಜಲ್ಲದೆ ಇನ್ನೇನು? ಕಾನೂನು ಯಾಕೆ ಸುಮ್ಮನಿದೆ?

ಸುಮ್ಮನಿದೆ ಅಂತ ಯಾರು ಹೇಳಿದ್ದು? ಈ ಮೆಷಿನ್‌ಗಳ ಬೆನ್ನಿಗೆ ಕಾನೂನು ಬಿದ್ದು ಎಂಬತ್ತು ವರ್ಷ ದಾಟಿದೆ. ನ್ಯೂಯಾರ್ಕ್ ನಗರದಲ್ಲಿ 1942ರಲ್ಲಿ ಪಿನ್‌ಬಾಲ್ ಆಟವನ್ನೇ (ಓರೆ ಹಲಗೆಯ ಮೇಲೆ ಚೆಂಡು ಉರುಳುವ ಮೆಷಿನ್) ನಿಷೇಧಿಸಿದರು. ಮೇಯರ್ ಲಾ ಗಾರ್ಡಿಯಾ ಪತ್ರಕರ್ತರ ಎದುರು ಸುತ್ತಿಗೆ ಹಿಡಿದು ಮೆಷಿನ್ ಒಡೆದರು. ಆಗಿನ ಪಿನ್‌ಬಾಲ್‌ಗೆ ಫ್ಲಿಪ್ಪರ್, ಅಂದರೆ ಗುಂಡಿ ಒತ್ತಿದರೆ ಚೆಂಡನ್ನು ಮತ್ತೆ ಮೇಲಕ್ಕೆ ತಳ್ಳುವ ಪುಟ್ಟ ಕೈ, ಇರಲಿಲ್ಲ. ಚೆಂಡನ್ನು ಒಮ್ಮೆ ಮೇಲಕ್ಕೆ ಹೊಡೆದರೆ ಆಯಿತು, ಆಮೇಲೆ ಅದು ಹೋದದ್ದೇ ದಾರಿ. ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ಮೆಷಿನ್‌ನಲ್ಲಿ. ಆದರೂ ನಿಷೇಧ ಏಳಲು 1976 ಆಗಬೇಕಾಯಿತು. ರೋಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯ ಸಮಿತಿಯ ಮುಂದೆ ಆಡಿ, ಚೆಂಡು ಯಾವ ಸಂದಿನಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಿ, ಅಲ್ಲೇ ಇಳಿಸಿದರು. ಇದರಲ್ಲಿ ಕೈಚಳಕ ಇದೆ ಎಂದು ಸಮಿತಿ ಒಪ್ಪಿತು.

ಇದನ್ನು ಹೇಳಿದ್ದು ಕಥೆಯ ಸ್ವಾರಸ್ಯಕ್ಕಲ್ಲ. ಅದೇ ಕಾಲದಲ್ಲಿ ಇನ್ನೊಂದು ಜಗಳವೂ ನಡೆದಿತ್ತು, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಚೆನ್ನಾಗಿ ಆಡಿದರೆ ಮೆಷಿನ್ ಒಂದು ಆಟ ಪುಕ್ಕಟೆ ಕೊಡುತ್ತಿತ್ತು. ಆ ಪುಕ್ಕಟೆ ಆಟವೂ ಬೆಲೆಯುಳ್ಳ ವಸ್ತುವೇ, ಹಾಗಾಗಿ ಅದು ಬಹುಮಾನ ಎಂದು ಅಮೆರಿಕದ ಕೆಲವು ಕಡೆ ವಾದ ಬಂತು. ಅದಕ್ಕೆ ಗಾಟ್ಲೀಬ್ 1960ರಲ್ಲಿ ಬೇರೆ ಬಗೆಯ ಮೆಷಿನ್ ತಂದಿತು. ಗೆದ್ದವರಿಗೆ ಹೊಸ ಆಟ ಇಲ್ಲ, ನಡೆಯುತ್ತಿರುವ ಆಟದಲ್ಲೇ ಇನ್ನೊಂದು ಚೆಂಡು. ಒಂದು ಪುಕ್ಕಟೆ ಆಟಕ್ಕೇ ಇಷ್ಟು ತಲೆ ಕೆಡಿಸಿಕೊಂಡವರು ಟಿಕೆಟ್ ಅನ್ನು ಸುಮ್ನೆ ಬಿಡುತ್ತಾರಾ?

ಈಗ ವಿಷಯಕ್ಕೆ ಬರೋಣ. ಜೂಜು ಎನ್ನಲು ಹೆಚ್ಚಿನ ಕಡೆ ಮೂರು ಸಂಗತಿ ಒಟ್ಟಿಗೆ ಇರಬೇಕು: ಪಣ, ಅದೃಷ್ಟ, ಬಹುಮಾನ. ಆರ್ಕೇಡ್‌ನಲ್ಲಿ ಪಣ ಇದೆ, ಬಹುಮಾನವೂ ಇದೆ. ಹಾಗಾಗಿ ವಕೀಲರೆಲ್ಲ ನಡುವಿನ ಅದೃಷ್ಟದ ಮೇಲೇ ಬೀಳುತ್ತಾರೆ. ಅಮೆರಿಕದಲ್ಲಿ ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಲವು ರಾಜ್ಯಗಳಲ್ಲಿ ಅದೃಷ್ಟಕ್ಕಿಂತ ಕೌಶಲದ ಪಾಲು ಹೆಚ್ಚಿದ್ದರೆ ಸಾಕು. ನ್ಯೂಯಾರ್ಕ್‌ನಲ್ಲಿ ಅದು ಸಾಲದು. ಫಲಿತಾಂಶದಲ್ಲಿ ಅದೃಷ್ಟಕ್ಕೆ ಗಣನೀಯ ಪಾಲಿದ್ದರೂ ಜೂಜೇ. ಬ್ರಿಟನ್ ಇನ್ನೂ ಬಿಗಿ. ಅಲ್ಲಿನ 2005ರ ಜೂಜು ಕಾಯ್ದೆಯ ಪ್ರಕಾರ, ಕೌಶಲ ಮತ್ತು ಅದೃಷ್ಟ ಎರಡೂ ಬೆರೆತಿದ್ದರೆ ಅದು ಅದೃಷ್ಟದ ಆಟವೇ. ಅಸಾಧಾರಣ ಕೌಶಲ ಇದ್ದವರು ಅದೃಷ್ಟವನ್ನು ಪೂರ್ತಿ ಮೀರಬಲ್ಲರು ಎಂದಾದರೂ ಅದು ಅದೃಷ್ಟದ ಆಟವೇ. ಹಾಗಂತ ಅವರು ಮಕ್ಕಳ ಮೆಷಿನ್ ಮುಚ್ಚಿಸಲಿಲ್ಲ. 'ಡಿ' ವರ್ಗ ಎಂದು ಒಂದು ಮಾಡಿ, ಹಣಕ್ಕೆ ಮಿತಿ ಹಾಕಿದರು. ಗೊಂಬೆ ಎತ್ತುವ ಕ್ರೇನ್ ಮೆಷಿನ್‌ಗೆ ಒಂದು ಆಟಕ್ಕೆ ಹೆಚ್ಚೆಂದರೆ 1 ಪೌಂಡ್, ಬಹುಮಾನ ಹೆಚ್ಚೆಂದರೆ 50 ಪೌಂಡ್ ಬೆಲೆಯದ್ದು. ಹಣದ ಬದಲು ವಸ್ತು ಕೊಡುವ ಬೇರೆ ಮೆಷಿನ್‌ಗಳಿಗೆ 30 ಪೆನ್ಸ್ ಮತ್ತು 8 ಪೌಂಡ್. ಆ ಮಿತಿಯೊಳಗೆ ಮಕ್ಕಳು ಆಡಬಹುದು.

ಜಪಾನ್ ದಾರಿ ಇನ್ನೊಂದು. ಅಲ್ಲಿ ಗೇಮ್ ಸೆಂಟರ್‌ನವರು ಆಟದ ಫಲಿತಾಂಶ ನೋಡಿ ಬಹುಮಾನ ಕೊಡುವುದೇ ಕಾನೂನಿನ ಪ್ರಕಾರ ತಪ್ಪು. ಗೊಂಬೆ ಎತ್ತುವ ಕ್ರೇನ್‌ಗೆ ಮಾತ್ರ ರಿಯಾಯಿತಿ. ಒಳಗಿನ ವಸ್ತುವಿನ ಬೆಲೆ 800 ಯೆನ್ ಆಸುಪಾಸಿನಲ್ಲಿ ಇರಬೇಕಿತ್ತು, 2022ರಿಂದ ಅದು 1,000 ಯೆನ್ ಆಗಿದೆ. ಅಲ್ಲಿಯ ಮೆಡಲ್ (ನಾಣ್ಯದಂಥ ಬಿಲ್ಲೆ) ಆಟಗಳಲ್ಲಿ ಬುಟ್ಟಿಗಟ್ಟಲೆ ಮೆಡಲ್ ಗೆದ್ದರೂ ಏನೂ ಕೊಳ್ಳುವಂತಿಲ್ಲ, ಮನೆಗೂ ಒಯ್ಯುವಂತಿಲ್ಲ. ಅಲ್ಲೇ ಜಮಾ ಇಟ್ಟು ನಾಳೆ ಬಂದು ಮತ್ತೆ ಆಡಬೇಕು, ಅಷ್ಟೇ.

ಇಷ್ಟೂ ಕಾನೂನುಗಳನ್ನು ಎದುರಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಕೌಶಲವೋ ಅದೃಷ್ಟವೋ ಎಂಬ ಚರ್ಚೆಗೆ ಕೊನೆಯಿಲ್ಲ. ನಿಜವಾಗಿ ಕೆಲಸ ಮಾಡುತ್ತಿರುವ ಪ್ರಶ್ನೆ ಬೇರೆ: ಆ ಟಿಕೆಟ್ ಕೊನೆಗೆ ಏನಾಗಬಹುದು? ಗೊಂಬೆಯಾದರೆ, ಪೆನ್ಸಿಲ್ ಆದರೆ, ಅದೂ ಅಲ್ಲಿನ ಕೌಂಟರಿನಲ್ಲೇ ಆದರೆ, ಕಾನೂನು ತಾಳ್ಮೆಯಿಂದ ಇರುತ್ತದೆ. ನಗದಾಗುವ ದಾರಿ ಒಂದಿಷ್ಟು ತೆರೆದರೂ ತಾಳ್ಮೆ ಮುಗಿಯಿತು.

ಇದಕ್ಕೆ ಅಮೆರಿಕದ ಫ್ಲೋರಿಡಾ ರಾಜ್ಯ ನೋಡಿ. ಮಕ್ಕಳ ಆರ್ಕೇಡ್‌ಗೆಂದು ಇಟ್ಟ ವಿನಾಯಿತಿಯ ನೆರಳಲ್ಲಿ ಅಲ್ಲಿ ಹಿರಿಯರಿಗಾಗಿ 'ಆರ್ಕೇಡ್'ಗಳು ಹುಟ್ಟಿಕೊಂಡವು. ಒಳಗೆ ಇದ್ದದ್ದು ಕ್ಯಾಸಿನೊಗಳ ಸ್ಲಾಟ್ ಮೆಷಿನ್‌ನಂಥವೇ. 2013ರಲ್ಲಿ ಇಂಟರ್ನೆಟ್ ಕೆಫೆ ಹೆಸರಿನ ಜೂಜುಕೋಣೆಗಳ ಹಗರಣ ಸಿಡಿದು ಉಪ ರಾಜ್ಯಪಾಲರೇ ರಾಜೀನಾಮೆ ಕೊಟ್ಟ ಮೇಲೆ, ಶಾಸಕರು ಅವಸರದಲ್ಲಿ ಕಾನೂನು ಬಿಗಿ ಮಾಡಿದರು. ಕೆಫೆ ಮುಚ್ಚಿದವು, ಸರಿ. ಆದರೆ ಆ ಕಾನೂನಿನಲ್ಲಿದ್ದ, ನಾಣ್ಯ ಹಾಕಿ ಆಡುವ ಮೆಷಿನ್ ಮಾತ್ರ, ಒಂದು ಆಟಕ್ಕೆ 75 ಸೆಂಟ್‌ಗಿಂತ ಜಾಸ್ತಿ ಬೆಲೆಯ ಬಹುಮಾನ ಇಲ್ಲ ಎಂಬ ಮಾತುಗಳು ಕುಟುಂಬದ ಆರ್ಕೇಡ್‌ಗಳ ಕುತ್ತಿಗೆಗೂ ಬಂದವು. ಅವರಲ್ಲಿ ಬಹಳ ಮಂದಿ ಆಗಲೇ ಸ್ವೈಪ್ ಕಾರ್ಡಿಗೆ ಬದಲಾಗಿದ್ದರು! 2015ರಲ್ಲಿ ಹೊಸ ಕಾನೂನು ಬಂದು ಅದನ್ನು ಸರಿ ಮಾಡಿತು. ಕಾರ್ಡ್ ನಡೆಯುತ್ತದೆ, ಒಂದು ಆಟದ ಟಿಕೆಟ್‌ಗಳ ಬೆಲೆ 5.25 ಡಾಲರ್‌ವರೆಗೆ ಹೋಗಬಹುದು. ಆದರೆ ನಗದು, ಗಿಫ್ಟ್ ಕಾರ್ಡ್, ಮದ್ಯ ಯಾವುದೂ ಬಹುಮಾನವಾಗುವಂತಿಲ್ಲ. ಗಮನಿಸಿ, ಹಣದ ಮಿತಿ ಸಡಿಲವಾಯಿತು, ನಗದಿನ ಬಾಗಿಲು ಮುಚ್ಚಿಯೇ ಉಳಿಯಿತು.

ಆ ಬಾಗಿಲು ತೆರೆದರೆ ಏನಾಗುತ್ತದೆ ಎಂದು ತಿಳಿಯಲು ಜಪಾನಿನ ಪಚಿಂಕೋ, ಸಣ್ಣ ಲೋಹದ ಗುಂಡುಗಳ ಮೆಷಿನ್ ಆಟ, ಸಾಕು. ಪಾರ್ಲರ್ ಹಣ ಕೊಡುವುದಿಲ್ಲ, ಗೆದ್ದ ಗುಂಡುಗಳಿಗೆ ಒಂದು ಸಣ್ಣ ವಿಶೇಷ ಬಹುಮಾನ ಕೊಡುತ್ತದೆ. ಪಕ್ಕದ ಕಿಟಕಿಯಲ್ಲಿ ಇನ್ನೊಂದು ಅಂಗಡಿ ಅದನ್ನು ಹಣ ಕೊಟ್ಟು ಕೊಳ್ಳುತ್ತದೆ. ಮೂರನೆಯವರ ಕೈ ದಾಟಿ ಅದೇ ವಸ್ತು ಮತ್ತೆ ಪಾರ್ಲರ್‌ಗೆ ಬರುತ್ತದೆ. ಕಾಗದದ ಮೇಲೆ ಎಲ್ಲವೂ ಶುದ್ಧ.

ಇನ್ನು ಮೆಷಿನ್ ಟಿಕೆಟ್ ಎಣಿಸುವ ಲೆಕ್ಕ. ಇದನ್ನು ತಿಳಿದುಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ, ಇನ್ನರ್ಧ ಏರುತ್ತದೆ. ಮಾಲೀಕರು ಮೊದಲು ಒಂದು ಟಿಕೆಟ್‌ಗೆ ಬೆಲೆ ಕಟ್ಟುತ್ತಾರೆ. ಉದಾಹರಣೆಗೆ 1 ಸೆಂಟ್ ಎನ್ನಿ. ಆಟಕ್ಕೆ 1 ಡಾಲರ್. ಬಂದ ಹಣದಲ್ಲಿ ಕಾಲು ಭಾಗ ಬಹುಮಾನಕ್ಕೆ ಹೋಗಲಿ ಎಂದು ತೀರ್ಮಾನಿಸಿದರೆ, ಮೆಷಿನ್ ಸರಾಸರಿ ಆಟಕ್ಕೆ 25 ಟಿಕೆಟ್ ಕೊಡಬೇಕು. ಅಂಗಡಿಗೆ 5 ಡಾಲರ್‌ಗೆ ಬಂದ ಗೊಂಬೆ ಕೌಂಟರಿನಲ್ಲಿ 500 ಟಿಕೆಟ್. ಅಂದರೆ 20 ಆಟ, 20 ಡಾಲರ್. ಕೌಂಟರಿನಲ್ಲಿ ಟಿಕೆಟ್ ದರ ಇನ್ನಷ್ಟು ಏರಿಸಿದ್ದರೆ ಇನ್ನೂ ಜಾಸ್ತಿ. ಇದು ಮೋಸವಲ್ಲ. ಉಳಿದ ದುಡ್ಡು ಆಡಿದ ಖುಷಿಗೆ, ಬಾಡಿಗೆಗೆ, ಕರೆಂಟಿಗೆ, ಮೆಷಿನ್ ರಿಪೇರಿಗೆ. ಆದರೆ ಗೊಂಬೆ ಅಗ್ಗಕ್ಕೆ ಸಿಕ್ಕಿತು ಎಂದು ಸಂಭ್ರಮಿಸುವ ತಂದೆತಾಯಿಯರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಎಷ್ಟು ಕೆಟ್ಟದಾಗಿ ಆಡಿದರೂ ಒಂದೆರಡು ಟಿಕೆಟ್ ಬರುತ್ತದಲ್ಲ, ಅದಕ್ಕೂ ಕಾರಣ ಇದೆ. ಮಗು ಅಳಬಾರದು, ಅದು ಒಂದು. ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ, ಹಾಗಾಗಿ ಇದು ಜೂಜಲ್ಲ ಎಂದು ವಾದಿಸಬಹುದು, ಅದು ಇನ್ನೊಂದು. ಎರಡನೆಯದನ್ನು ನಾನು ನಂಬುವುದಿಲ್ಲ. ಡಾಲರ್ ಹಾಕಿದವನಿಗೆ 2 ಸೆಂಟ್ ವಾಪಸ್ ಕೊಟ್ಟರೆ ಪಣ ಮಾಯವಾಗುತ್ತದಾ?

ಮೆಷಿನ್‌ಗಳನ್ನು ಅಳೆಯಲು ನನ್ನದೇ ಒಂದು ಪರೀಕ್ಷೆ ಇದೆ. ಚೆನ್ನಾಗಿ ಆಡುವ ಮಗು, ಸುಮಾರಾಗಿ ಆಡುವ ಮಗು, ಇಬ್ಬರೂ ಬಹಳ ಹೊತ್ತು ಆಡಲಿ. ಟಿಕೆಟ್‌ನಲ್ಲಿ ವ್ಯತ್ಯಾಸ ಕಾಣಬೇಕು. ಇಳಿಜಾರಿನ ಮೇಲೆ ಚೆಂಡು ಉರುಳಿಸಿ ತೂತಿಗೆ ಹಾಕುವ ಸ್ಕೀ ಬಾಲ್‌ನಲ್ಲಿ ಖಂಡಿತ ಕಾಣುತ್ತದೆ, ಬುಟ್ಟಿಗೆ ಚೆಂಡು ಎಸೆಯುವ ಆಟದಲ್ಲೂ ಕಾಣುತ್ತದೆ. ಜಾಕ್‌ಪಾಟ್ ಎಂದು ಮಿನುಗುವ ದೊಡ್ಡ ಚಕ್ರದ ಮೆಷಿನ್‌ಗಳಲ್ಲಿ ಹಲವು ಈ ಪರೀಕ್ಷೆಯಲ್ಲಿ ಬೀಳುತ್ತವೆ. ಹಿಡಿಕೆ ಎಷ್ಟು ಜೋರಾಗಿ ಎಳೆದರೂ ಒಂದೇ. ಕಾನೂನು ಅನುಮತಿ ಕೊಟ್ಟಿದೆಯೋ ಇಲ್ಲವೋ ಅದು ಬೇರೆ ಮಾತು, ನಮ್ಮ ಮನೆಯ ಮಕ್ಕಳನ್ನು ನಾನು ಅದರ ಹತ್ತಿರ ಬಿಡುವುದಿಲ್ಲ. ನನ್ನದು ಅತಿ ಎಚ್ಚರಿಕೆ ಎಂದು ಅನ್ನುವವರಿದ್ದಾರೆ. ಅನ್ನಲಿ.

ಪ್ರಶ್ನೆ: ಕ್ಲಾ ಮೆಷಿನ್‌ನ, ಅಂದರೆ ಕ್ರೇನ್‌ನ, ಕೈ ಗೊಂಬೆಯನ್ನು ಎತ್ತಿ ಅರ್ಧ ದಾರಿಯಲ್ಲಿ ಬಿಡುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರಾ?

ಹೌದು, ಬಹಳಷ್ಟು ಮೆಷಿನ್‌ಗಳಲ್ಲಿ ಹಿಡಿತದ ಬಲವನ್ನು ಹೊಂದಿಸಬಹುದು. ಎಷ್ಟು ಆಟಕ್ಕೆ ಒಮ್ಮೆ ಪೂರ್ತಿ ಬಲ ಕೊಡಬೇಕು ಎಂದೂ ಹಲವದರಲ್ಲಿ ಹೊಂದಿಸಬಹುದು. ಅದು ಗುಟ್ಟೇನಲ್ಲ, ಮೆಷಿನ್ ಜೊತೆ ಬರುವ ಕೈಪಿಡಿಯಲ್ಲೇ ಇರುತ್ತದೆ. ನನ್ನ ಆಕ್ಷೇಪ ಇರುವುದು ಕೌಶಲದ ಆಟ ಎಂದು ಬೋರ್ಡ್ ಹಾಕಿ ಒಳಗೆ ಎಣಿಕೆ ನಡೆಸುವವರ ಮೇಲೆ. ಕೀಲಿಯನ್ನು ತೂತಿಗೆ ತೂರಿಸುವ ಕೀ ಮಾಸ್ಟರ್ ಮೆಷಿನ್ ಮೇಲೆ 2021ರಲ್ಲಿ ಅಮೆರಿಕದಲ್ಲಿ ದಾವೆ ಬಿದ್ದದ್ದು ಇದೇ ಆರೋಪದ ಮೇಲೆ. ಇಷ್ಟು ಜನ ಸೋಲುವ ತನಕ ಎಷ್ಟು ಸರಿಯಾಗಿ ಆಡಿದರೂ ಅದು ಗೆಲ್ಲಲು ಬಿಡುವುದಿಲ್ಲ ಎಂದು ದೂರಿದ್ದರು. ಹಾಗಿದ್ದರೆ ಅಲ್ಲಿ ಕೌಶಲ ಎಲ್ಲಿ ಬಂತು?

ಒಂದು ತಮಾಷೆ ಹೇಳಿಬಿಡುತ್ತೇನೆ. ಜೂಜಿನ ಯಂತ್ರಗಳನ್ನು ರಾಜ್ಯದ ಗಡಿ ದಾಟಿಸುವುದನ್ನು ತಡೆಯಲು ಅಮೆರಿಕ 1951ರಲ್ಲಿ ಜಾನ್ಸನ್ ಕಾಯ್ದೆ ತಂದಿತು. ಆ ಕಾಯ್ದೆಯಲ್ಲಿ ಕ್ರೇನ್ ಮೆಷಿನ್‌ಗೆ ಒಂದು ವಿನಾಯಿತಿ ಇದೆ. ಆದರೆ ಅದು ನಾಣ್ಯದಿಂದ ನಡೆಯಬಾರದು, ಕೈಯಿಂದ ತಿರುಗಿಸುವ ಹಿಡಿಕೆ ಇರಬೇಕು, ಜಾತ್ರೆ ಮತ್ತು ಮೇಳಗಳಿಗೆಂದೇ ಮಾಡಿರಬೇಕು. ಇವತ್ತಿನ ಮಾಲ್‌ಗಳಲ್ಲಿ ಹಿಡಿಕೆ ತಿರುಗಿಸುವ ಕ್ರೇನ್ ಸಿಕ್ಕರೆ ನನಗೂ ತಿಳಿಸಿ.

ಪ್ರಶ್ನೆ: ಯಾವ ಮೆಷಿನ್ ಈಗ ಕೊಡುವ ಸರದಿಯಲ್ಲಿದೆ ಎಂದು ಹೇಳುವ ಆ್ಯಪ್ ಇದೆಯಂತೆ. ಅಯಸ್ಕಾಂತ ಇಟ್ಟರೆ ಟಿಕೆಟ್ ಜಾಸ್ತಿ ಬರುತ್ತದಂತೆ. ನಿಜವೇ?

ಆ್ಯಪ್ ಮಾರುವವನು ಗೆಲ್ಲುತ್ತಾನೆ, ಕೊಳ್ಳುವವನು ಸೋಲುತ್ತಾನೆ. ಅಯಸ್ಕಾಂತದಿಂದ ಟಿಕೆಟ್ ಬರುವುದಿಲ್ಲ. ಟಿಕೆಟ್ ಹೊರಹಾಕುವ ಡಿಸ್ಪೆನ್ಸರ್ ಅದರ ಅಂಚಿನ ಕಚ್ಚನ್ನು ಬೆಳಕಿನ ಸೆನ್ಸರ್‌ನಿಂದ ಎಣಿಸುತ್ತದೆ, ಅದಕ್ಕೆ ಅಯಸ್ಕಾಂತ ಏನು ಮಾಡೀತು? ಸೆಕ್ಯುರಿಟಿಯವರು ಮಾತ್ರ ಬರುತ್ತಾರೆ.

ಪ್ರಶ್ನೆ: ಸಣ್ಣದೊಂದು ಆರ್ಕೇಡ್ ತೆರೆಯಬೇಕೆಂದಿದ್ದೇನೆ. ಗಿರಾಕಿಗಳನ್ನು ಸೆಳೆಯಲು ಫೋನ್, ಗಿಫ್ಟ್ ಕಾರ್ಡ್, ಉಳಿದ ಟಿಕೆಟ್‌ಗೆ ನಗದು ಕೊಡಬಹುದೇ?

ಮೊದಲ ಪ್ರಶ್ನೆಯ ಉತ್ತರ ಇನ್ನೊಮ್ಮೆ ಓದಿ. ಗಿಫ್ಟ್ ಕಾರ್ಡ್ ಎಂದರೆ ಬೇರೆ ಬಟ್ಟೆ ತೊಟ್ಟ ನಗದು. ಫೋನ್ ನಿಮ್ಮ ಕಡೆಯ ಬೆಲೆ ಮಿತಿಯೊಳಗೆ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಸಾಮಾನ್ಯವಾಗಿ ಇರುವುದಿಲ್ಲ. ಮಿತಿ ಇಲ್ಲದ ಕಡೆಯೂ ಗಾಜಿನ ಒಳಗೆ ಫೋನ್ ಇಟ್ಟ ದಿನದಿಂದ ನಿಮ್ಮ ಗಿರಾಕಿ ಮಗು ಅಲ್ಲ, ಅದರ ಚಿಕ್ಕಪ್ಪ. ಮೆಷಿನ್ ಮಾರುವವರು 'ಕಾನೂನಿನ ಚಿಂತೆ ಬೇಡ, ಇದು ಸ್ಕಿಲ್ ಗೇಮ್ ಎಂದು ಸರ್ಟಿಫಿಕೇಟ್ ಇದೆ' ಎನ್ನುತ್ತಾರೆ. ಆ ಕಾಗದ ಕೊಟ್ಟವರು ಯಾರು ಎಂದು ಕೇಳಿ ನೋಡಿ. ನಿಮ್ಮ ಜಾಗದ ಪರವಾನಗಿ ಅಧಿಕಾರಿ ಬರೆದು ಕೊಟ್ಟದ್ದಷ್ಟೇ ಕಾಗದ. ಮೆಷಿನ್ ಕೊಳ್ಳುವ ಮುಂಚೆ ಅದನ್ನು ಪಡೆಯಿರಿ, ಜೂಜಿನ ಕಾನೂನು ಬಲ್ಲ ವಕೀಲರಿಗೆ ತೋರಿಸಿ. ನಿವೇಶನದ ಕಾಗದ ನೋಡುವ ವಕೀಲರು ಬೇಡ.

ಪ್ರಶ್ನೆ: ಮನೆಯಲ್ಲಿ ಒಂದು ಚೀಲ ಟಿಕೆಟ್ ಬಿದ್ದಿದೆ. ಆನ್‌ಲೈನ್‌ನಲ್ಲಿ ಮಾರಿದರೆ ಒಳ್ಳೆ ಬೆಲೆ ಬರುತ್ತದಂತೆ.

ಮಾರಬೇಡಿ. ನಿಯಮ ಓದಿ, ಹೆಚ್ಚಿನ ಕಡೆ ಮಾರಿದ ಟಿಕೆಟ್ ರದ್ದು. ಚೀಲ ಹೊತ್ತು ಹೋಗಿ ಮಗುವಿಗೆ ಬೇಕಾದ್ದನ್ನು ಕೊಡಿಸಿ. ಬೇಗ ಹೋಗಿ, ಹಲವು ಆರ್ಕೇಡ್‌ಗಳು ಕಾಗದದ ಟಿಕೆಟ್ ಬಿಟ್ಟು ಕಾರ್ಡಿಗೆ ಬದಲಾಗುತ್ತಿವೆ. ಹಳೆಯ ಚೀಲಕ್ಕೆ ಅವರು ಎಷ್ಟು ದಿನ ಮರ್ಯಾದೆ ಕೊಡುತ್ತಾರೋ ಅದು ಅವರ ಇಷ್ಟ.